ತೆಳು ಬಟ್ಟೆಯ ಮೇಲೆ ಹೆಸರಿನ ಅಕ್ಷರ: ಮದುವೆಯ ಕರವಸ್ತ್ರಕ್ಕೆ ಕೈ ಕಸೂತಿ

ಮದುವೆಗೆಂದು ಆರಿಸುವ ಕರವಸ್ತ್ರ ತೆಳು ಲಿನನ್, ವಾಯಿಲ್, ಮಲ್‌ಮಲ್ ಇಂಥದ್ದೇ ಆಗಿರುತ್ತದೆ. ಬೆಳಕಿಗೆ ಹಿಡಿದರೆ ಆಚೆಗಿನ ಬೆರಳು ಕಾಣುತ್ತದೆ. ಗಂಟು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿದ ದಾರ, ಕತ್ತರಿಸದೆ ಬಿಟ್ಟ ತುದಿ ಎಲ್ಲವೂ ದಪ್ಪ ಬಟ್ಟೆಯಲ್ಲಿ ಮುಚ್ಚಿಹೋಗುತ್ತವೆ. ಇಲ್ಲಿ ಮಾತ್ರ ಅಕ್ಷರದ ಪಕ್ಕದಲ್ಲೇ ನೆರಳಿನಂತೆ ಕಾಣುತ್ತವೆ. ಆದ್ದರಿಂದ ಹಿಂಬದಿಯನ್ನು ಮುಂಬದಿಯಷ್ಟೇ ಜೋಪಾನವಾಗಿ ಹೊಲಿಯಬೇಕು.

ಮೊದಲು ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿ. ಗಂಜಿ ಹೋಗಲಿ, ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ. ಕಸೂತಿ ಮುಗಿದ ಮೇಲೆ ಬಟ್ಟೆ ಕುಗ್ಗಿದರೆ ಅಕ್ಷರದ ಸುತ್ತ ಏಳುವ ಸುಕ್ಕು ಎಷ್ಟು ಇಸ್ತ್ರಿ ಹಾಕಿದರೂ ಹೋಗುವುದಿಲ್ಲ.

ಒಂದೇ ಅಕ್ಷರಕ್ಕೆ 2ರಿಂದ 3 ಸೆಂ.ಮೀ. ಎತ್ತರ ಸಾಕು. ವಧೂವರರ ಎರಡು ಅಕ್ಷರ ಹೆಣೆಯುವುದಾದರೆ 4 ಸೆಂ.ಮೀ.ವರೆಗೆ ಹೋಗಬಹುದು. ಅಕ್ಷರದ ಅತಿ ದಪ್ಪ ಭಾಗ 3–4 ಮಿ.ಮೀ. ಇರಲಿ. 6 ಮಿ.ಮೀ. ದಾಟಿದರೆ ಸ್ಯಾಟಿನ್ ಹೊಲಿಗೆಯ (ಗೆರೆಯ ಅಡ್ಡಕ್ಕೆ ಒತ್ತೊತ್ತಾಗಿ ಎಳೆ ತುಂಬುವ ಹೊಲಿಗೆ) ಎಳೆ ಸಡಿಲಾಗಿ ಉಂಗುರಕ್ಕೋ ಬಳೆಗೋ ಸಿಕ್ಕಿಕೊಳ್ಳುತ್ತದೆ. ಕರವಸ್ತ್ರವನ್ನು ಕೈಯಲ್ಲಿ ಹಿಡಿಯುವ ಹಾಗೆಯೇ ಮಡಿಸಿ ನೋಡಿ, ಆಮೇಲೆ ಗುಂಡುಸೂಜಿಯಿಂದ ಜಾಗ ಗುರುತು ಮಾಡಿ. ತ್ರಿಕೋನವಾಗಿ ಮಡಿಸುವುದಾದರೆ ಅಕ್ಷರ ಮೂಲೆಗೆ ಓರೆಯಾಗಿರಬೇಕು, ಚೌಕವಾಗಿ ಮಡಿಸುವುದಾದರೆ ಅಂಚಿಗೆ ನೇರವಾಗಿ. ಎರಡೂ ಕಡೆಯ ಅಂಚಿನ ಹೊಲಿಗೆಯಿಂದ 2 ಸೆಂ.ಮೀ. ಒಳಗೆ ಇರಲಿ.

ಕನ್ನಡ ಅಕ್ಷರವೇ ಬೇಕೆಂದರೆ ಅಚ್ಚಿನ ಅಕ್ಷರವನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಅದರ ಗೆರೆ ಬಹುಪಾಲು ಒಂದೇ ದಪ್ಪ. ಸ್ಯಾಟಿನ್ ತುಂಬಿದ ಮೇಲೆ ಮಂಕಾಗಿ ಕಾಣುತ್ತದೆ. ಚಪ್ಪಟೆ ಮೂತಿಯ ಪೆನ್ನಿನಲ್ಲಿ ಬರೆದರೆ ದಪ್ಪ-ತೆಳು ತಾನಾಗಿ ಬರುತ್ತದೆ. ಅ, ಲ, ಶ ಇವುಗಳ ಸುಳಿಯೊಳಗೆ ಕನಿಷ್ಠ 1.5 ಮಿ.ಮೀ. ಬಟ್ಟೆ ಉಳಿಯಬೇಕು. ಇಲ್ಲದಿದ್ದರೆ ಸುಳಿ ಮುಚ್ಚಿ ಚುಕ್ಕೆಯಾಗುತ್ತದೆ. ಒತ್ತಕ್ಷರದ ಗೋಜಿಗೆ ಹೋಗದಿರುವುದೇ ಒಳ್ಳೆಯದು.

ಕಾಗದದ ಮೇಲೆ ಕಪ್ಪಗೆ ಬರೆದ ಅಕ್ಷರವನ್ನು ಬಟ್ಟೆಯ ಕೆಳಗಿಟ್ಟರೆ ಹಾಗೆಯೇ ಕಾಣುತ್ತದೆ. ಚೂಪು ಮಾಡಿದ 2ಎಚ್ ಪೆನ್ಸಿಲ್ ಅಥವಾ ನೀರಿಗೆ ಹೋಗುವ ನೀಲಿ ಪೆನ್ನಿನಿಂದ ಸಣ್ಣದಾಗಿ ತಿದ್ದಿ. ನೀಲಿ ಗೆರೆಯ ಮೇಲೆ ಇಸ್ತ್ರಿ ಆಡಿಸಬಾರದು, ಬಿಸಿಗೆ ಅದು ಬಟ್ಟೆಗೆ ಕಚ್ಚಿಕೊಳ್ಳಬಹುದು. ಬಿಸಿಗೆ ಮಾಯವಾಗುವ ಪೆನ್ನು ಬೇಡವೇ ಬೇಡ: ಚಳಿಗೆ ಗೆರೆ ಮತ್ತೆ ಮೂಡುವುದುಂಟು.

ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಕಸೂತಿ ರಿಂಗ್ 10–12 ಸೆಂ.ಮೀ. ಅಗಲದ ಮರದ್ದಾಗಿರಲಿ. ಒಳಬಳೆಗೆ ಬಿಳಿ ಹತ್ತಿಪಟ್ಟಿ ಸುತ್ತಿದರೆ ಬಟ್ಟೆ ಜಾರುವುದಿಲ್ಲ, ಕಲೆಯೂ ಉಳಿಯುವುದಿಲ್ಲ. ಆದರೆ ಕರವಸ್ತ್ರದ ಮೂಲೆ ರಿಂಗಿಗೆ ಎಟುಕದು. ಅದಕ್ಕೆ 25 ಸೆಂ.ಮೀ. ಚೌಕದ ಹಳೆಯ ಹತ್ತಿಬಟ್ಟೆಯ ಮೇಲೆ ಮೂಲೆಯನ್ನಿಟ್ಟು ಸುತ್ತಲೂ ಒತ್ತಾಗಿ ಕಚ್ಚಾ ಹೊಲಿಗೆ ಹಾಕಿ. ತಿರುಗಿಸಿ, ಅಕ್ಷರದ ಹಿಂದೆ ಬರುವ ಹಳೆಬಟ್ಟೆಯನ್ನಷ್ಟೇ ಕತ್ತರಿಸಿ ತೆಗೆಯಿರಿ. ಮೊಂಡು ಮೂತಿಯ ಕತ್ತರಿಯಾದರೆ ಕೆಳಗಿನ ಕರವಸ್ತ್ರ ಉಳಿಯುತ್ತದೆ. ಬಿಗಿಮಾಡುವಾಗ ನೂಲಿನ ಉದ್ದಕ್ಕೆ ಮತ್ತು ಅಡ್ಡಕ್ಕೆ ಎಳೆಯಿರಿ. ಓರೆಗೆ ಎಳೆದರೆ ರಿಂಗ್ ತೆಗೆದಾಗ ದುಂಡಗಿದ್ದ ಅಕ್ಷರ ಮೊಟ್ಟೆಯಾಗಿರುತ್ತದೆ. ದಿನದ ಕೆಲಸ ಮುಗಿದಾಗ ರಿಂಗ್ ಬಿಚ್ಚಿಡಿ.

ಆರೆಳೆಯ ಕಸೂತಿ ದಾರದಲ್ಲಿ ಒಂದೇ ಒಂದು ಎಳೆ ಬಿಡಿಸಿಕೊಳ್ಳಿ, 40 ಸೆಂ.ಮೀ. ಮೀರದಂತೆ. ಉದ್ದ ಹೆಚ್ಚಾದಷ್ಟೂ ಎಳೆ ಬಟ್ಟೆಗೆ ಉಜ್ಜಿ ನವಿರು ಕಳೆದುಕೊಳ್ಳುತ್ತದೆ. 8 ಮೀಟರಿನ ಒಂದು ಲಡಿ ಎರಡು ಅಕ್ಷರಕ್ಕೆ ಧಾರಾಳ. ಸೂಜಿ 10ನೇ ನಂಬರಿನದು (ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣ). ಬಿಳಿಯ ಮೇಲೆ ಬಿಳಿ ಎಲ್ಲಕ್ಕಿಂತ ಕ್ಷೇಮ. ಕೆಂಪೋ ಕಡುನೀಲಿಯೋ ಬೇಕಾದರೆ ಎಳೆಯನ್ನು ಒದ್ದೆ ಮಾಡಿ, ಬಿಳಿ ಚಿಂದಿಯ ನಡುವೆ ಇಟ್ಟು ಇಸ್ತ್ರಿ ಒತ್ತಿ. ಚಿಂದಿಗೆ ಬಣ್ಣ ಹತ್ತಿದರೆ ಆ ದಾರ ಬಿಡಿ.

ಗಂಟು ಹಾಕದೆ ಶುರು ಮಾಡಬೇಕು. ಅಕ್ಷರದ ಗೆರೆಯೊಳಗೆ ಮೂರ್ನಾಲ್ಕು ಪುಟ್ಟ ಓಟದ ಹೊಲಿಗೆ ಹಾಕಿ, ಕೊನೆಯದರ ಮೇಲೆ ಒಮ್ಮೆ ಹಿಂದಕ್ಕೆ ಚುಚ್ಚಿದರೆ ದಾರ ನಿಲ್ಲುತ್ತದೆ. ಅಲ್ಲಿಂದ ಗೆರೆಯ ಸುತ್ತ ಸ್ಪ್ಲಿಟ್ ಸ್ಟಿಚ್ ಹಾಕಿ. ಎಂದರೆ 2 ಮಿ.ಮೀ. ಹೊಲಿಗೆ ಹಾಕಿ, ಅದೇ ಎಳೆಯನ್ನು ಸೀಳಿಕೊಂಡು ಸೂಜಿ ಮೇಲೆ ಬರುವುದು. ಸ್ಯಾಟಿನ್ನಿನ ಅಂಚು ನೇರವಾಗಿ ನಿಲ್ಲುವುದು ಈ ಗೆರೆಯ ಬಲದಿಂದಲೇ, ಹಾಗಾಗಿ ಇದನ್ನು ಬಿಡುವಂತಿಲ್ಲ.

ನಂತರ ಒಳಗೆ ಪ್ಯಾಡಿಂಗ್, ಎಂದರೆ ಅಕ್ಷರಕ್ಕೆ ಉಬ್ಬು ಕೊಡುವ ಅಡಿಹೊಲಿಗೆ. ಅಕ್ಷರದ ಉದ್ದಕ್ಕೆ ಸಣ್ಣ ಸಣ್ಣ ಹೊಲಿಗೆ ತುಂಬುತ್ತ ಬನ್ನಿ, ನಡುವೆ ಎರಡು ಪದರ, ಅಂಚಿಗೆ ಒಂದೇ. ಹೊಲಿಗೆಯ ಉದ್ದಭಾಗ ಮೇಲಿರಲಿ, ಹಿಂದೆ ಬಟ್ಟೆಯ ಒಂದೆರಡು ನೂಲನ್ನಷ್ಟೇ ಎತ್ತಲಿ. ಪ್ಯಾಡಿಂಗ್ ಉದ್ದಕ್ಕೆ, ಸ್ಯಾಟಿನ್ ಅಡ್ಡಕ್ಕೆ. ಎರಡೂ ಒಂದೇ ದಿಕ್ಕಿಗೆ ಹೋದರೆ ಮೇಲಿನ ಎಳೆ ಕೆಳಗಿನ ಎಳೆಗಳ ಸಂದಿಯಲ್ಲಿ ಹೂತುಹೋಗುತ್ತದೆ. ಇಲ್ಲಿ ದಾರ ಎಳೆಯಬಾರದು, ಸುಮ್ಮನೆ ಒರಗಿಸಬೇಕು. ಮುಗಿದ ಅಕ್ಷರದ ಸುತ್ತ ಏಳುವ ಸುಕ್ಕಿಗೆ ಸ್ಯಾಟಿನ್ನನ್ನು ದೂರುವುದುಂಟು, ಆದರೆ ಎಷ್ಟೋ ಸಲ ಅದರ ಬೇರು ಬಿಗಿಯಾದ ಪ್ಯಾಡಿಂಗಿನಲ್ಲಿರುತ್ತದೆ.

ಸ್ಯಾಟಿನ್ನನ್ನು ತುದಿಯಿಂದ ಆರಂಭಿಸಬೇಡಿ, ನೇರ ಗೆರೆಯ ನಡುವಿನಿಂದ ಆರಂಭಿಸಿ. ಮೊದಲ ಹೊಲಿಗೆ ಎಷ್ಟು ಓರೆಯೋ ಉಳಿದವೂ ಅಷ್ಟೇ ಓರೆ. ಮೊದಲು ಒಂದು ತುದಿಯವರೆಗೆ, ಮತ್ತೆ ನಡುವಿಗೆ ಬಂದು ಇನ್ನೊಂದು ತುದಿಯವರೆಗೆ ಹೋಗಿ. ಸ್ಪ್ಲಿಟ್ ಗೆರೆಗೆ ತಾಗಿದಂತೆ ಹೊರಗಿನಿಂದ ಮೇಲೆ ಬಂದು, ಎದುರು ಗೆರೆಯ ಹೊರಗೆ ಕೆಳಗಿಳಿಯಬೇಕು. ಪ್ರತಿ ಸಲವೂ ಅದೇ ಬದಿಯಿಂದ ಏಳಬೇಕು. ಸೂಜಿಯನ್ನು ನೆಟ್ಟಗೆ ಇಳಿಸಿ, ಕೆಳಗಿನಿಂದ ಎಳೆದುಕೊಳ್ಳಿ. ಒಂದೇ ಏಟಿಗೆ ಬಟ್ಟೆ ಮಡಿಚಿ ಚುಚ್ಚಿದರೆ ಅಂಚು ಗರಗಸದ ಹಲ್ಲಾಗುತ್ತದೆ. 1 ಮಿ.ಮೀ.ಗೆ ಸುಮಾರು 3 ಹೊಲಿಗೆ ಬಿದ್ದರೆ ಸರಿ. ಎಂಟು-ಹತ್ತು ಹೊಲಿಗೆಗೊಮ್ಮೆ ಸೂಜಿಯನ್ನು ತೂಗಲು ಬಿಡಿ, ಹುರಿ ತಾನೇ ಬಿಚ್ಚಿಕೊಳ್ಳುತ್ತದೆ. ಹುರಿಗಟ್ಟಿದ ಎಳೆಗೆ ಹೊಳಪಿರುವುದಿಲ್ಲ.

ತಿರುವಿನಲ್ಲಿ ಕೈ ನಿಧಾನವಾಗಲಿ. ಹೊರಅಂಚು ಉದ್ದ, ಒಳಅಂಚು ಗಿಡ್ಡ. ಎಲ್ಲ ಹೊಲಿಗೆಯನ್ನೂ ಒಳಅಂಚಿನವರೆಗೆ ತಂದರೆ ಅಲ್ಲಿ ದಾರ ಗುಡ್ಡೆಬೀಳುತ್ತದೆ, ಹೊರಗೆ ಬಟ್ಟೆ ಇಣುಕುತ್ತದೆ. ಮೂರ್ನಾಲ್ಕಕ್ಕೊಂದು ಹೊಲಿಗೆಯನ್ನು ಒಳಅಂಚು ಮುಟ್ಟುವ ಮೊದಲೇ ಇಳಿಸಿಬಿಡಿ, ಮುಂದಿನ ಉದ್ದ ಹೊಲಿಗೆ ಅದನ್ನು ಮುಚ್ಚುತ್ತದೆ. 1 ಮಿ.ಮೀ.ಗಿಂತ ಸಣ್ಣ ಗೆರೆ, ತಲೆಕಟ್ಟಿನ ಬಾಲ ಇವಕ್ಕೆ ಪ್ಯಾಡಿಂಗ್ ಬೇಡ, ಸ್ಟೆಮ್ ಸ್ಟಿಚ್ (ಒಂದಕ್ಕೊಂದು ಪಕ್ಕ ತಾಗಿ ಹಗ್ಗದಂತೆ ಸಾಗುವ ಗೆರೆಹೊಲಿಗೆ) ಸಾಕು. ಎರಡು ಅಕ್ಷರ ಹಾಯುವ ಕಡೆ ಕೆಳಗಿನ ಅಕ್ಷರಕ್ಕೆ ಪ್ಯಾಡಿಂಗನ್ನೂ ಸ್ಯಾಟಿನ್ನನ್ನೂ ಅಲ್ಲಿಗೇ ನಿಲ್ಲಿಸಿ ಆಚೆಯಿಂದ ಮತ್ತೆ ಹಿಡಿಯಿರಿ. ಮೇಲಿನದು ಮಾತ್ರ ಅಖಂಡವಾಗಿ ಹೋಗಲಿ, ಇಲ್ಲವಾದರೆ ಅಲ್ಲೊಂದು ಗುಬುಟು.

ಒಂದು ಭಾಗ ಮುಗಿದಾಗ ಹಿಂದಿನ ಹೊಲಿಗೆಗಳ ಅಡಿಯಲ್ಲಿ ಸೂಜಿ ನುಸುಳಿಸಿ, ಮರಳಿ ಒಮ್ಮೆ ನುಸುಳಿಸಿ ಬುಡಕ್ಕೆ ಕತ್ತರಿಸಿ. ಮುಂದಿನ ಭಾಗಕ್ಕೆ ಹೊಲಿಗೆಯ ಅಡಿಯಲ್ಲೇ ಹೋಗುವ ದಾರಿಯಿದ್ದರೆ ಹೋಗಿ. ಖಾಲಿ ಬಟ್ಟೆ ದಾಟಬೇಕೆಂದರೆ, ಅದು 3 ಮಿ.ಮೀ. ಆದರೂ, ಹೊಸ ದಾರ.

ಬೆರಳು ಚುಚ್ಚಿ ರಕ್ತ ತಾಗಿದರೆ ತಕ್ಷಣ ತಣ್ಣೀರು. ಬಿಸಿನೀರು ಹಾಕಿದರೆ ಕಲೆ ನಿಂತುಬಿಡುತ್ತದೆ.

ಕಚ್ಚಾ ಹೊಲಿಗೆ ಬಿಚ್ಚಿ, ಹಳೆಬಟ್ಟೆ ಕಳಚಿ, ನೀಲಿ ಗೆರೆ ಪೂರ್ತಿ ಹೋಗುವವರೆಗೆ ತಣ್ಣೀರಿನಲ್ಲಿ ಅದ್ದಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಪಸೆ ಇರುವಾಗಲೇ ದಪ್ಪ ಟವೆಲಿನ ಮೇಲೆ ಅಕ್ಷರ ಕೆಳಮುಖವಾಗಿಟ್ಟು ಹಿಂಬದಿಯಿಂದ ಇಸ್ತ್ರಿ ಮಾಡಿ. ಉಬ್ಬು ಟವೆಲಿನೊಳಗೆ ಇಳಿಯುವುದರಿಂದ ಚಪ್ಪಟೆಯಾಗುವುದಿಲ್ಲ.