ಕತ್ತಲ ತಿಂಗಳಲ್ಲಿ ಬರ್ಬಟ್: ಇನಾರಿ ಸರೋವರದ ಮೇಲಿನ ದುಬಾರಿ ದಿನ, ನನ್ನ ಅನುಭವ

ಫಿನ್ಲೆಂಡಿನ ಇನಾರಿ ಸರೋವರದ ಮೇಲೆ, ಸೂರ್ಯ ಮುಖ ತೋರಿಸದ ಡಿಸೆಂಬರ್ ಮತ್ತು ಜನವರಿಯಲ್ಲಿ, ಗಿರಾಕಿಗಳಿಂದ ದೊಡ್ಡ ಮೊತ್ತ ಪಡೆದು ಮಂಜುಗಡ್ಡೆ ಮೀನುಗಾರಿಕೆಯ ದಿನದ ಪ್ರವಾಸ ನಡೆಸಲು ಸಾಧ್ಯವಿಲ್ಲ ಎಂದು ನನಗೆ ಹೇಳದ ಗೈಡ್ ಈ ಸುತ್ತಮುತ್ತ ಇರಲಿಲ್ಲ. ಈಗ ಎರಡು ಚಳಿಗಾಲಗಳಿಂದ, ಬರ್ಬಟ್ ಎಂಬ ಮೀನಿನ ದೆಸೆಯಿಂದ, ಅದು ಸರಾಗವಾಗಿ ನಡೆಯುತ್ತಿದೆ, ಕ್ರಿಸ್‌ಮಸ್ ವಾರದ ದಿನಗಳು ಸೆಪ್ಟೆಂಬರಿಗೆ ಮುಂಚೆಯೇ ಮುಂಗಡ ಹಣದೊಂದಿಗೆ ತುಂಬುತ್ತಿವೆ. ಹೇಗೆ ಮಾಡಿದಿರಿ ಎಂದು ಕೇಳುವವರಲ್ಲಿ ಅಂದು ಬೇಡವೆಂದವರೂ ಇದ್ದಾರೆ. ಬೈರಿಗೆ ಹಿಡಿಯುವುದು, ಮಂಜುಗಡ್ಡೆಯ ದಪ್ಪ ಅಳೆಯುವುದು ಇತ್ಯಾದಿ ಓದುವವರಿಗೆ ಗೊತ್ತೇ ಇದೆ ಎಂದುಕೊಂಡು, ನನ್ನ ಕೆಲಸಕ್ಕೆ ಬಂದದ್ದನ್ನು ಮತ್ತು ಬಾರದ್ದನ್ನು ಮಾತ್ರ ಬರೆಯುತ್ತೇನೆ.

ಬೇಡವೆಂದವರ ಮಾತಿಗೆ ಆಧಾರವಿತ್ತು. ಇನಾರಿಯಿರುವ ಉತ್ತರ ಫಿನ್ಲೆಂಡಿನ ಪ್ರದೇಶವಾದ ಲ್ಯಾಪ್‌ಲ್ಯಾಂಡಿನಲ್ಲಿ ಗಾಳ ಹಾಕಿ ಕೂರುವ ಕಾಲವೆಂದರೆ ಏಪ್ರಿಲ್: ಬಿಸಿಲು ಇರುತ್ತದೆ, ಹಿಮದ ಮೇಲ್ಪದರ ಗಟ್ಟಿಯಾಗಿರುತ್ತದೆ, ಚಾರ್ ಮತ್ತು ಗ್ರೇಲಿಂಗ್ ಮೀನುಗಳು ಕಚ್ಚುತ್ತವೆ. ಆದರೆ ಹಣ ಖರ್ಚು ಮಾಡುವ ಗಿರಾಕಿ ಇನಾರಿಗೆ ಹತ್ತಿರದ ಇವಾಲೋ ವಿಮಾನ ನಿಲ್ದಾಣದಲ್ಲಿ ಇಳಿಯುವುದು ಏಪ್ರಿಲ್‌ನಲ್ಲಿ ಅಲ್ಲ. ಏಪ್ರಿಲ್‌ನಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಇರುವ ಬೆಂಗಳೂರಿನ ಕುಟುಂಬಗಳು ಕೂಡ ಕ್ರಿಸ್‌ಮಸ್ ವಾರವನ್ನೇ ಕೇಳುತ್ತವೆ, ಏಕೆಂದರೆ ಅವರಿಗೆ ಬೇಕಾದದ್ದು ಹಿಮ, ಕತ್ತಲೆ ಮತ್ತು ಅದೃಷ್ಟವಿದ್ದರೆ ಉತ್ತರ ಧ್ರುವ ಪ್ರಭೆ. ಮೀನಿನ ಕಾಲ ಒಂದು, ಹಣದ ಕಾಲ ಇನ್ನೊಂದು ಎಂಬುದೇ ಇಡೀ ಸಮಸ್ಯೆಯ ಬೇರು.

ಮೊದಲ ಚಳಿಗಾಲದಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಮಧ್ಯಾಹ್ನದ ನಸುಬೆಳಕಿನಲ್ಲಿ ಟ್ರೌಟ್ ಮತ್ತು ಚಾರ್‌ಗಾಗಿ ಆಳದ ನೀರಿನ ಮೇಲೆ ತೂತು ಕೊರೆದು, ಬಟ್ಟೆಯ ಗುಡಾರ ಹೊಡೆದು, ಗ್ಯಾಸ್ ಹೀಟರ್ ಇಟ್ಟು, ತಲೆಗೆ ಸುಮಾರು 250 ಯೂರೋ ಪಡೆದೆ. ಹೋಟೆಲಿನಿಂದ ಹೊರಟು ಗಿರಾಕಿಗಳಿಗೆ ಮೇಲುಡುಪು ತೊಡಿಸಿ, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಯ ಹಿಂದಿನ ಸ್ಲೆಡ್ಜ್‌ನಲ್ಲಿ ಕೂರಿಸಿ ಸ್ಥಳ ಸೇರುವಷ್ಟರಲ್ಲಿ ಹನ್ನೊಂದೂವರೆ ದಾಟಿರುತ್ತಿತ್ತು, ಎರಡರ ಸುಮಾರಿಗೆ ಬೆಳಕು ಮುಗಿಯುತ್ತಿತ್ತು. ನಡುವಿನ ಎರಡೂವರೆ ಗಂಟೆಯಲ್ಲಿ ಮೀನು ಕಚ್ಚಿದ ದಿನಗಳು ಕಡಿಮೆ. ಮೈನಸ್ 25ರಲ್ಲಿ ತೂತಿನ ನೀರು ಕಣ್ಣೆದುರೇ ಪೊರೆಗಟ್ಟುತ್ತಿತ್ತು, ಬ್ಯಾಟರಿ ಬೈರಿಗೆಯ ಲಿಥಿಯಂ ಬ್ಯಾಟರಿ ನಾಲ್ಕನೆಯ ತೂತಿಗೆ ಸುಸ್ತಾಗುತ್ತಿತ್ತು, ಬ್ಯೂಟೇನ್ ಬೆರೆತ ಗ್ಯಾಸ್ ಅಷ್ಟು ಚಳಿಗೆ ಆವಿಯಾಗದೆ ಹೀಟರ್ ಉರಿಯದೆ ನಿಲ್ಲುತ್ತಿತ್ತು. ಬರಿಗೈಯಲ್ಲಿ ಮರಳಿದ ಕೆಲವರಿಗೆ ಅರ್ಧ ಹಣ ಹಿಂದಿರುಗಿಸಿದೆ. ಆ ಋತುವಿನ ಕೊನೆಗೆ ಲೆಕ್ಕ ಹಾಕಿದಾಗ ಕೈಯಿಂದ ಹೋದದ್ದು ಹನ್ನೆರಡು ಸಾವಿರ ಯೂರೋಗಳ ಆಸುಪಾಸು.

ದಾರಿ ತೋರಿದ್ದು ಬರ್ಬಟ್. ಇಲ್ಲಿನವರು ಮದೆ ಎಂದು ಕರೆಯುವ ಈ ಮೀನು ಕಾಡ್ ಮೀನಿನ ಬಳಗದಲ್ಲಿ ಸಿಹಿನೀರಿನಲ್ಲೇ ಇಡೀ ಬದುಕು ಕಳೆಯುವ ಒಂದೇ ಜಾತಿ. ಚಳಿ ಹೆಚ್ಚಿದಷ್ಟೂ ಚುರುಕಾಗುತ್ತದೆ, ನಡುಚಳಿಗಾಲದಲ್ಲಿ ಮಂಜುಗಡ್ಡೆಯ ಕೆಳಗೇ ತತ್ತಿ ಇಡುತ್ತದೆ ಮತ್ತು ಕತ್ತಲಲ್ಲಿ ಬೇಟೆಯಾಡುತ್ತದೆ. ಫಿನ್ಲೆಂಡಿನ ದಕ್ಷಿಣದಲ್ಲಿ ಇದನ್ನು ಹಿಡಿಯಬೇಕಾದರೆ ಊಟ ಮುಗಿಸಿ ರಾತ್ರಿ ಹೊತ್ತು ಹೊರಡಬೇಕು. ಇನಾರಿಯಲ್ಲಿ ಡಿಸೆಂಬರ್ ಮೊದಲ ವಾರದಿಂದ ಜನವರಿ ಎರಡನೆಯ ವಾರದ ಸುಮಾರಿನವರೆಗೆ ಸೂರ್ಯ ಉದಯಿಸದ ಧ್ರುವ ರಾತ್ರಿ ಇರುವುದರಿಂದ, ಮಧ್ಯಾಹ್ನ ಮೂರಕ್ಕೆಲ್ಲ ಸರೋವರದ ಮೇಲೆ ಗಟ್ಟಿ ಕತ್ತಲೆ ಕವಿದಿರುತ್ತದೆ. ರಾತ್ರಿಯ ಮೀನನ್ನು ಹಗಲಿನ ಪ್ರವಾಸದಲ್ಲಿ ಹಿಡಿಸಲು ವರ್ಷದಲ್ಲಿ ಸಿಗುವ ಕಾಲ ಇದೊಂದೇ, ಮತ್ತು ಅದು ಗಿರಾಕಿಗಳು ಬರುವ ಕಾಲವೂ ಹೌದು. ಆದ್ದರಿಂದ ಬೆಳಗಿನ ಓಟವನ್ನು ಕೈಬಿಟ್ಟು, ಹನ್ನೆರಡಕ್ಕೆ ಹೋಟೆಲಿನಿಂದ ಹೊರಟು, ನೀಲಿ ಬೆಳಕು ಉಳಿದಿರುವಾಗಲೇ ದ್ವೀಪಗಳ ನಡುವೆ ಸಾಗಿ, ಒಂದೂವರೆಗೆ ಮಂಜುಗಡ್ಡೆಯ ಮೇಲೆ ಇಟ್ಟ ಪ್ಲೈವುಡ್ ಗೂಡು ಸೇರಿ, ಬಿಸಿ ತಿಂಡಿ ಕೊಟ್ಟು, ಮೂರರಿಂದ ಐದೂವರೆಯವರೆಗೆ ಗಾಳ ಹಾಕಿಸಿ, ಏಳರ ಹೊತ್ತಿಗೆ ಹೋಟೆಲಿಗೆ ಮರಳಿಸುವ ಕ್ರಮವನ್ನು ಹಿಡಿದೆ.

ಪರಿಚಯದ ಹಿರಿಯ ಮೀನುಗಾರರೊಬ್ಬರು ಇದನ್ನು ಕೇಳಿ, "ಮೀನು ಸಿಕ್ಕೀತು, ಆದರೆ ಆ ಲೋಳೆಮೈಯ ಮೀನಿಗೆ ಯಾರು ದುಡ್ಡು ಕೊಡುತ್ತಾರೆ ಹೇಳಿ" ಎಂದರು. ಒಂದು ಹೋಟೆಲಿನ ವ್ಯವಸ್ಥಾಪಕರು ಚಿತ್ರ ನೋಡಿದ ಕೂಡಲೇ ತಮ್ಮ ಪಟ್ಟಿಯಿಂದ ನನ್ನ ಪ್ರವಾಸವನ್ನೇ ತೆಗೆದರು. ದೊಡ್ಡ ಬಾಯಿ, ಗದ್ದದಲ್ಲಿ ಒಂಟಿ ಮೀಸೆ, ಹಿಡಿದರೆ ಮೊಣಕೈಗೆ ಸುತ್ತಿಕೊಳ್ಳುವ ಬಾಲ, ಇವೆಲ್ಲ ಇರುವುದು ನಿಜ. ಆದರೆ ಇದೇ ಮೀನಿನ ಸೂಪ್ ಮತ್ತು ಬ್ಲಿನಿ ಎಂಬ ಪುಟ್ಟ ದೋಸೆಯ ಮೇಲೆ ಬಡಿಸುವ ಇದರ ತತ್ತಿ ಜನವರಿ, ಫೆಬ್ರವರಿಯಲ್ಲಿ ಹೆಲ್ಸಿಂಕಿಯ ಒಳ್ಳೊಳ್ಳೆಯ ಊಟದ ಮನೆಗಳಲ್ಲಿ ವರ್ಷದ ವಿಶೇಷವಾಗಿ ಮೆನುವಿಗೆ ಬರುತ್ತವೆ. ಶಾಂಪೇನ್ ಮತ್ತು ತುಪ್ಪಳದ ಹೊದಿಕೆಯನ್ನು ಹೊರಗಿನಿಂದ ತಂದು ಪ್ರವಾಸಕ್ಕೆ ಅಂಟಿಸುವುದಕ್ಕಿಂತ, ಆ ಋತು ತಾನಾಗಿ ಕೊಡುವ ದುಬಾರಿ ವಸ್ತುವನ್ನು ಗಿರಾಕಿಯ ಕೈಯಿಂದಲೇ ಹಿಡಿಸಿ ಬಡಿಸುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಜಾಗದ ವಿಷಯದಲ್ಲಿ ಇಷ್ಟು ಹೇಳಬಹುದು: ಹೊಳೆ ಬಂದು ಸೇರುವ ಕಡೆ, ಮರಳು ಅಥವಾ ಜಲ್ಲಿಯ ಗಟ್ಟಿ ತಳ, ಮೂರರಿಂದ ಆರು ಮೀಟರ್ ನೀರು, ಪಕ್ಕದಲ್ಲೇ ಆಳಕ್ಕೆ ಇಳಿಯುವ ಇಳಿಜಾರು. ಹೊಳೆಬಾಯಿಯ ಮಂಜುಗಡ್ಡೆಯನ್ನು ನಂಬುವಂತಿಲ್ಲವಾದ್ದರಿಂದ ಸೆಳೆತ ಮುಗಿದ ನಂತರದ ಜಾಗವನ್ನೇ ಹುಡುಕಿ, ಪ್ರತಿ ಬಾರಿ ದಾರಿಯುದ್ದಕ್ಕೂ ತೂತು ಕೊರೆದು ಅಳೆಯುತ್ತೇನೆ. 25 ಸೆಂಟಿಮೀಟರ್ ಗಟ್ಟಿ ಮಂಜುಗಡ್ಡೆ ಆಗುವವರೆಗೆ ಗೂಡನ್ನು ಎಳೆದೊಯ್ಯುವುದಿಲ್ಲ. ಆರುನೂರು ಯೂರೋ ಕೊಟ್ಟು ತಂದ, ಶಬ್ದದ ಅಲೆಗಳಿಂದ ನೀರಿನೊಳಗಿನ ಮೀನನ್ನು ಪರದೆಯ ಮೇಲೆ ತೋರಿಸುವ ಸೋನಾರ್ ಬರ್ಬಟ್ ಮಟ್ಟಿಗೆ ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಈ ಮೀನು ತಳಕ್ಕೆ ಹೊಟ್ಟೆ ಹಚ್ಚಿ ಮಲಗುವುದರಿಂದ ಪರದೆಯ ಮೇಲೆ ತಳ ಯಾವುದು, ಮೀನು ಯಾವುದು ಎಂದು ಬೇರೆಯಾಗಿ ತೋರುವುದಿಲ್ಲ. ಅದರ ಬದಲು, ಕೊಕ್ಕೆ ಕೂಡಿದ ಲೋಹದ ಗಾಳವಾದ ಭಾರದ ಜಿಗ್‌ನಿಂದ ತಳವನ್ನು ಕುಟ್ಟುವುದೇ ಸರಿಯಾದ ದಾರಿ: ಮೂರು ನಾಲ್ಕು ಸಲ ಕುಟ್ಟಿ, ಒಂದು ಗೇಣು ಎತ್ತಿ, ಅಲುಗಾಡಿಸದೆ ಹಿಡಿಯಬೇಕು. ಕತ್ತಲಲ್ಲಿ ಹೊಳೆಯುವ ಬಣ್ಣದ ಜಿಗ್‌ಗೆ ನೇರಳಾತೀತ ಟಾರ್ಚ್‌ನಿಂದ ಆಗಾಗ ಬೆಳಕು ಕುಡಿಸಬೇಕು. ಎರೆ ಅದೇ ಸರೋವರದ ಮೀನಿನ ತುಂಡು. ಬೇರೆ ನೀರಿನ ಮೀನನ್ನು ತಂದು ಹಾಕಬೇಡಿ. ಆ ತುಂಡನ್ನು ಹಿಂದಿನ ದಿನ ಯಾವುದರಲ್ಲಿ ನೆನೆಸಿಡುತ್ತೇನೆ, ಒಂದು ಸಲದ ಕುಟ್ಟುವಿಕೆಗೂ ಇನ್ನೊಂದಕ್ಕೂ ಎಷ್ಟು ಬಿಡುವು ಕೊಡುತ್ತೇನೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ತಳದಲ್ಲಿ ರಾತ್ರಿಯಿಡೀ ಬಿಡುವ ಗಾಳಕ್ಕೆ ನೀರಿನ ಹಕ್ಕುದಾರರ ಅನುಮತಿ ಬೇಕು, ಅಲ್ಲದೆ ಅದರಲ್ಲಿ ಗಿರಾಕಿಗೆ ಎಳೆತದ ಅನುಭವ ಸಿಗುವುದಿಲ್ಲ. ಆದ್ದರಿಂದ ಕೈಗಾಳ ಮಾತ್ರ ಬಳಸುತ್ತೇನೆ.

ಹೆಚ್ಚು ಹಣ ಮತ್ತು ಹೆಚ್ಚು ಬುದ್ಧಿ ಹೋದದ್ದು ಗೂಡಿಗೆ. ಬಟ್ಟೆಯ ಗುಡಾರದಲ್ಲಿ ಗ್ಯಾಸ್ ಉರಿಸಿದರೆ ಹೊರಬರುವ ನೀರಾವಿ ಒಳಗೋಡೆಯ ಮೇಲೆ ಇಬ್ಬನಿಯಾಗಿ, ಹನಿಯಾಗಿ ಗಿರಾಕಿಯ ಕುತ್ತಿಗೆಯ ಮೇಲೆ ಬೀಳುತ್ತದೆ. ಶುದ್ಧ ಪ್ರೊಪೇನ್‌ಗೆ ಬದಲಾಯಿಸಿದಾಗ ಉರಿ ಸರಿಹೋಯಿತು, ತೇವ ಹಾಗೆಯೇ ಉಳಿಯಿತು. ಕೊನೆಗೆ ಸ್ಕೀ ಹಲಗೆಗಳ ಮೇಲೆ ಕೂರುವ, ನಾಲ್ವರು ಗಿರಾಕಿಗಳು ಆರಾಮವಾಗಿ ಕೂರಬಹುದಾದ ಪ್ಲೈವುಡ್ ಗೂಡನ್ನು ಕಟ್ಟಿಸಿ, ಹೊಗೆಕೊಳವೆಯಿರುವ ಸಣ್ಣ ಕಟ್ಟಿಗೆ ಒಲೆ ಇಟ್ಟೆ. ಕಟ್ಟಿಗೆಯ ಉರಿಯಲ್ಲಿ ತೇವವೆಲ್ಲ ಕೊಳವೆಯಲ್ಲಿ ಹೊರಹೋಗುವುದರಿಂದ ಕೈಗವಸು ಕೂಡ ಒಳಗೇ ಒಣಗುತ್ತದೆ. ಒಲೆಗೆ ಹೊರಗಿನ ಗಾಳಿ ಬರುವ ಕಿಂಡಿ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದ ಗೂಡಿನಲ್ಲಿ ಯಾರನ್ನೂ ಕೂರಿಸಬೇಡಿ. ನೆಲದಲ್ಲಿ ನಾಲ್ಕು ತೂತು, ಪ್ರತಿಯೊಂದಕ್ಕೂ ದಪ್ಪ ಥರ್ಮೊಕೋಲ್ ಮುಚ್ಚಳ; ನಾನು ಹಿಂದಿನ ಸಂಜೆಯೇ ಹೋಗಿ ಕೊರೆದು ಮುಚ್ಚಿಟ್ಟರೆ ಮರುದಿನ ತೆಳು ಪೊರೆಯನ್ನು ಒಡೆದರೆ ಸಾಕು. ಸ್ಕೀಗಳ ಕೆಳಗೆ ಮರದ ತುಂಡು ಇಡದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅವು ಮಂಜುಗಡ್ಡೆಗೆ ಬೆಸೆದುಕೊಂಡು, ಎಳೆಯುವ ಸ್ನೋಮೊಬೈಲಿನ ಬೆಲ್ಟ್ ಸುಡುತ್ತದೆ. ನನ್ನದು ಒಂದು ಸುಟ್ಟಿದೆ. ಒಲೆ, ಸ್ಕೀ, ಗಾಜು ಎಲ್ಲ ಸೇರಿ ಗೂಡಿಗೆ ಒಂಬತ್ತು ಸಾವಿರ ಯೂರೋ ಸುಮಾರು ಬಿತ್ತು.

ಹಿಮ ಜೋರಾಗಿ ಬಿದ್ದ ಮೇಲೆ ಅದರ ಭಾರಕ್ಕೆ ಮಂಜುಗಡ್ಡೆ ತಗ್ಗಿ, ಬಿರುಕುಗಳಿಂದ ನೀರು ಮೇಲೆ ಬಂದು, ಹಿಮದ ಹೊದಿಕೆಯಡಿ ಕೆಸರಿನಂತೆ ನಿಲ್ಲುತ್ತದೆ. ಮೇಲಿನಿಂದ ಏನೂ ಕಾಣದು. ಗಿರಾಕಿಗಳು ಕೂತ ಸ್ಲೆಡ್ಜ್ ಅದರಲ್ಲಿ ಹೂತರೆ ಆ ದಿನ ಮುಗಿದಂತೆಯೇ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಹಿಮ ಬಿದ್ದ ಮರುದಿನವೇ ಖಾಲಿ ಸ್ನೋಮೊಬೈಲಿನಲ್ಲಿ ಅದೇ ದಾರಿಯನ್ನು ಮತ್ತೆ ಮತ್ತೆ ತುಳಿದು ಹಿಮವನ್ನು ಅದುಮುವುದು. ಅದುಮಿದ ಹಿಮ ಚಳಿಯನ್ನು ತಡೆಯದ ಕಾರಣ ಕೆಳಗಿನ ನೀರು ಒಂದೆರಡು ರಾತ್ರಿಯಲ್ಲಿ ಗಟ್ಟಿಯಾಗುತ್ತದೆ. ಇದಕ್ಕೆ ಹೋಗುವ ಪೆಟ್ರೋಲ್ ಬಗ್ಗೆ ನಾನು ಚೌಕಾಶಿ ಮಾಡುವುದಿಲ್ಲ.

ಅಡುಗೆಯೇ ಈ ಪ್ರವಾಸದ ತಿರುಳು. ಬರ್ಬಟ್‌ನ ಚರ್ಮವನ್ನು ಹೆರೆಯುವುದಲ್ಲ, ಸುಲಿಯಬೇಕು: ತಲೆಯ ಹಿಂದೆ ಸುತ್ತಲೂ ಚೂರಿಯಿಂದ ಗೆರೆ ಎಳೆದು, ಗೂಡಿನ ಹೊರಗೋಡೆಯ ಮೊಳೆಗೆ ದವಡೆ ಸಿಕ್ಕಿಸಿ, ಒಣ ಬಟ್ಟೆಯಿಂದ ಚರ್ಮದ ಅಂಚು ಹಿಡಿದು ಒಂದೇ ಸಮನೆ ಕೆಳಕ್ಕೆ ಎಳೆದರೆ ಬಾಲದವರೆಗೆ ಪೂರ್ತಿಯಾಗಿ ಬರುತ್ತದೆ, ಒಳಗಿನ ಬಿಳಿ ಮಾಂಸ ಕಾಣುತ್ತಲೇ ಗಿರಾಕಿಗಳ ಹಿಂಜರಿಕೆ ಹೋಗುತ್ತದೆ. ತಲೆ ಮತ್ತು ಮುಳ್ಳುಗಳನ್ನು ಈರುಳ್ಳಿ, ಆಲ್‌ಸ್ಪೈಸ್ ಕಾಳಿನೊಂದಿಗೆ ಕುದಿಸಿ ಸೋಸಿ, ಆ ನೀರಿನಲ್ಲಿ ಆಲೂಗಡ್ಡೆ ಬೇಯಿಸಿ, ಕೊನೆಗೆ ಮೀನಿನ ತುಂಡು, ಕೆನೆ, ಬೆಣ್ಣೆ, ಸಬ್ಬಸಿಗೆ ಸೊಪ್ಪು ಹಾಕುತ್ತೇನೆ. ಲಿವರ್ ಹಾಕಿದರೆ ರುಚಿ ದುಪ್ಪಟ್ಟಾಗುತ್ತದೆ, ಆದರೆ ಅದು ಚೆನ್ನಾಗಿ ಬೇಯಬೇಕು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಸಿಹಿನೀರಿನ ಬರ್ಬಟ್‌ನಲ್ಲಿ ಲಾಡಿಹುಳುವಿನ ಮರಿಗಳು ಇರಬಹುದಾದ್ದರಿಂದ, ಬೇಯಿಸದೆ ಬಡಿಸುವ ತತ್ತಿಯನ್ನು ಮೈನಸ್ 20ರಲ್ಲಿ ಕನಿಷ್ಠ ಒಂದು ದಿನ ಇಟ್ಟಿರಲೇಬೇಕು. ಆ ದಿನ ಹಿಡಿದ ಮೀನಿನ ತತ್ತಿಯನ್ನು ಆ ದಿನವೇ ಬ್ಲಿನಿಯ ಮೇಲೆ ಹಾಕಿಕೊಡಿ ಎಂದು ಎಷ್ಟು ದೊಡ್ಡ ಗಿರಾಕಿ ಕೇಳಿದರೂ ನಾನು ಒಪ್ಪುವುದಿಲ್ಲ. ಹಿಂದಿನ ವಾರದ್ದನ್ನು ಫ್ರೀಜರಿನಿಂದ ತಂದು ಬಡಿಸುತ್ತೇನೆ. ಮೊಟ್ಟೆ ತುಂಬಿದ ಹೆಣ್ಣುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಉಳಿದವನ್ನು ನೀರಿಗೆ ಬಿಡುವುದು ನಮ್ಮ ಗೂಡಿನ ಕಟ್ಟಳೆ.

ಮೀನು ತಿನ್ನದ ಕುಟುಂಬಗಳು ಬಂದಾಗ ಬೇರೆ ಪ್ರಯೋಗ ಮಾಡಿದೆ. ತೂತಿನಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಇಳಿಸಿ ಗೂಡಿನೊಳಗೆ ಪರದೆ ಇಟ್ಟಾಗ, ಬರ್ಬಟ್ ತಳದ ಮೇಲೆ ತೆವಳಿಕೊಂಡು ಬಂದು ಮೀಸೆಯಿಂದ ಎರೆಯನ್ನು ಮುಟ್ಟಿ ನೋಡುವುದನ್ನು ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಅವರ ಊಟಕ್ಕೆ ಒಲೆಯ ಮೇಲೆ ಮೆಣಸಿನ ಸಾರು ಮತ್ತು ಅನ್ನ ಮಾಡಿದ್ದನ್ನು ನೋಡಿ ಜರ್ಮನಿಯ ಗಿರಾಕಿಯೊಬ್ಬರೂ ಎರಡು ಬಟ್ಟಲು ಕೇಳಿ ಕುಡಿದರು. ನೀರಿನೊಳಗೆ ಹಸಿರು ದೀಪ ಇಳಿಸಿ ಸಣ್ಣ ಮೀನುಗಳನ್ನು ಸೆಳೆದರೆ ಬರ್ಬಟ್ ಹಿಂದೆಯೇ ಬಂದೀತು ಎಂಬ ಪ್ರಯೋಗ ಫಲಿಸಲಿಲ್ಲ; ದೀಪವಿದ್ದ ಸಂಜೆಗಳಲ್ಲಿ ಕಚ್ಚುವಿಕೆ ಕಡಿಮೆಯೇ ಆಯಿತು.

ಐಷಾರಾಮದ ಬಗ್ಗೆ ನನ್ನ ತೀರ್ಮಾನ ಸರಳವಾಗಿದೆ. ಗಿರಾಕಿಗೆ ಮೊದಲು ಬೇಕಾದದ್ದು ಬೆಚ್ಚಗಿನ ಕಾಲು, ಎರಡನೆಯದು ಬೆಚ್ಚಗಿನ ಶೌಚಾಲಯ. ಗೂಡಿನ ಪಕ್ಕದಲ್ಲಿ ಪುಟ್ಟ ಹೀಟರ್ ಇರುವ, ಒಳಗಿನಿಂದ ಚಿಲಕ ಹಾಕಬಹುದಾದ ಒಣ ಶೌಚಾಲಯವನ್ನು ಇನ್ನೊಂದು ಸ್ಲೆಡ್ಜ್ ಮೇಲೆ ಕಟ್ಟಿಸಿದ ಮೇಲೆ ಹೆಂಗಸರು ಮತ್ತು ವಯಸ್ಸಾದವರಿಂದ ಬಂದ ಮೆಚ್ಚುಗೆ, ತತ್ತಿ ಬ್ಲಿನಿಗೂ ಬಂದಿಲ್ಲ. ಬೂಟನ್ನು ಪಾದದ ಅಳತೆಗಿಂತ ಎರಡು ಸೈಜ್ ದೊಡ್ಡದು ಕೊಟ್ಟು, ಒಳಗಿನ ಉಣ್ಣೆಯ ಪದರವನ್ನು ಹಿಂದಿನ ರಾತ್ರಿ ಒಣಗಿಸಿರುತ್ತೇನೆ.

ಈಗಿನ ಲೆಕ್ಕ ಹೀಗಿದೆ. ನಾಲ್ವರ ಒಂದು ಗುಂಪಿಗೆ ಇಡೀ ದಿನಕ್ಕೆ ಸುಮಾರು 1,900 ಯೂರೋ. ಇಬ್ಬರೇ ಬಂದರೂ 1,400ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸಹಾಯಕರ ಸಂಬಳ, ಪೆಟ್ರೋಲ್, ಊಟ, ಬಟ್ಟೆಗಳ ತೊಳೆತ, ವಿಮೆ, ತೆರಿಗೆ, ಹೋಟೆಲಿನ ಕಮಿಷನ್ ಕಳೆದು ಮೂರರಲ್ಲಿ ಒಂದು ಭಾಗದಷ್ಟು ಕೈಗೆ ಉಳಿಯುತ್ತದೆ. ಮೊದಲ ವರ್ಷದ ನಷ್ಟ ಮತ್ತು ಗೂಡಿನ ಅಸಲು ಕಳೆದ ಜನವರಿಯ ಕೊನೆಗೆ ತೀರಿದವು. ಹತ್ತು ಪ್ರವಾಸಗಳಲ್ಲಿ ಎಂಟರಲ್ಲಾದರೂ ಬರ್ಬಟ್ ಗೂಡಿನೊಳಗೆ ಬರುತ್ತದೆ, ಒಂದರಿಂದ ಎರಡು ಕಿಲೋ ತೂಗುವುದು ಸಾಮಾನ್ಯ. ಬಾರದ ದಿನಕ್ಕೆಂದು ಹಿಂದಿನ ಸಂಜೆ ನಾನೇ ಹಿಡಿದದ್ದು ಇದ್ದೇ ಇರುತ್ತದೆ, ಮತ್ತು ಅದನ್ನು ಗಿರಾಕಿಗಳಿಗೆ ಮೊದಲೇ ಹೇಳಿರುತ್ತೇನೆ. ಫೆಬ್ರವರಿಯಲ್ಲಿ ತತ್ತಿ ಇಡುವ ದಿನಗಳು ಬಂದಾಗ ಕಚ್ಚುವುದು ಇಳಿಯುತ್ತದೆ, ಬೆಳಕೂ ಹೆಚ್ಚುತ್ತದೆ. ಆಗ ಈ ಪ್ರವಾಸವನ್ನು ನಿಲ್ಲಿಸಿಬಿಡುತ್ತೇನೆ.

ಮುಂಗಡ ಪಡೆಯುವಾಗಲೇ ಬರೆಸಿಕೊಳ್ಳಬೇಕಾದ ಷರತ್ತು ಒಂದಿದೆ. ಮೈನಸ್ 35ಕ್ಕಿಂತ ಕೆಳಗಿನ ಚಳಿ ಅಥವಾ ಬಯಲು ಸರೋವರದ ಮೇಲೆ ಜೋರು ಗಾಳಿ ಇದ್ದರೆ ಪ್ರವಾಸ ರದ್ದು, ಹಣ ಪೂರ್ತಿ ವಾಪಸ್. ಇದರಿಂದ ಪ್ರತಿ ಋತುವಿನಲ್ಲಿ ಕೆಲವು ದಿನಗಳ ಸಂಪಾದನೆ ಹೋಗುತ್ತದೆ. ಹಾಗೆ ರದ್ದಾದವರಲ್ಲಿ ಹೆಚ್ಚಿನವರು ಮರುವರ್ಷಕ್ಕೆ ಅದೇ ಹಣವನ್ನು ನನ್ನಲ್ಲೇ ಬಿಟ್ಟು ದಿನ ಗೊತ್ತುಮಾಡಿಕೊಂಡಿದ್ದಾರೆ, ಬರುವ ಡಿಸೆಂಬರ್‌ಗೆ ಎರಡನೆಯ ಗೂಡು ಕಟ್ಟಿಸುತ್ತಿರುವುದು ಆ ಮುಂಗಡದಿಂದಲೇ.