ಹಳೆ ಪಿಕಪ್‌ಗೆ ಹೊಸ ಕ್ಲಚ್: ಗೇರ್ ಬಾಕ್ಸ್ ಏರಿಸುವಾಗ ಅವಸರ ಬೇಡ

ಹೊಸ ಕ್ಲಚ್ ಹಾಕಿಸಿ ತಿಂಗಳಾಗಿರುವುದಿಲ್ಲ, ಗಾಡಿ ಮತ್ತೆ ಗ್ಯಾರೇಜಿನ ಮುಂದೆ ನಿಂತಿರುತ್ತದೆ. ಫಸ್ಟ್ ಗೇರಿನಲ್ಲಿ ಹೊರಡುವಾಗ ಗಾಡಿ ಪೂರ್ತಿ ನಡುಗುತ್ತದೆ, ಇಲ್ಲವೇ ರಿವರ್ಸ್ ಹಾಕಿದರೆ ಕರಕರ ಸದ್ದು. ‘ಡೂಪ್ಲಿಕೇಟ್ ಪ್ಲೇಟ್ ಕೊಟ್ಟುಬಿಟ್ಟ’ ಎಂದು ಅಂಗಡಿಯವನಿಗೆ ಬೈಗುಳ. ಬಿಚ್ಚಿ ನೋಡಿದರೆ ಎಷ್ಟೋ ಸಲ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕೂರುವ ಆ ಕ್ಲಚ್ ಪ್ಲೇಟಿನ ತಪ್ಪೇ ಇರುವುದಿಲ್ಲ. ಗೇರ್ ಬಾಕ್ಸ್ ಏರಿಸುವಾಗ ಅದರ ಭಾರವನ್ನೆಲ್ಲ ಪ್ಲೇಟಿನ ಮೇಲೆ ಬಿಟ್ಟಿರುತ್ತಾರೆ, ಪ್ಲೇಟಿನ ನಡುಭಾಗ ಅಲ್ಲೇ ಬಾಗಿರುತ್ತದೆ.

ಇಲ್ಲಿ ಹೇಳುತ್ತಿರುವುದು ಹಳೆಯ ಬೊಲೆರೊ ಪಿಕಪ್, ಟಾಟಾ 207 ತರಹದ ಗಾಡಿಗಳ ಕೆಲಸ. ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಅದರ ಹಿಂದೆ ಗೇರ್ ಬಾಕ್ಸ್, ಅಲ್ಲಿಂದ ಹಿಂದಿನ ಆಕ್ಸಲ್‌ಗೆ ಪ್ರೊಪೆಲ್ಲರ್ ಶಾಫ್ಟ್. ಎಂಜಿನ್ ಮುಟ್ಟದೆ ಗೇರ್ ಬಾಕ್ಸ್ ಒಂದನ್ನೇ ಇಳಿಸಿದರೆ ಸಾಕು. ಇಬ್ಬರಿದ್ದರೆ ಒಂದು ದಿನದ ಕೆಲಸ. ಒಬ್ಬರೇ ಕೈ ಹಾಕಬೇಡಿ.

ಮೊದಲು ಖಾತ್ರಿ ಮಾಡಿಕೊಳ್ಳಿ

ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆಯಿರಿ. ಎದುರಿಗೆ ಯಾರೂ ನಿಂತಿರಬಾರದು. ನಾಲ್ಕನೇ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಡಿ. ಎಂಜಿನ್ ತಟ್ಟನೆ ಆಫ್ ಆಗಬೇಕು. ಆಫ್ ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಒಂದು ಸಲ ನೋಡಿ ಬಿಡಿ, ಮತ್ತೆ ಮತ್ತೆ ಮಾಡಿ ಇದ್ದುದನ್ನೂ ಸುಡಬೇಡಿ.

ಗೇರ್ ಬೀಳದಿರುವುದು, ರಿವರ್ಸ್‌ನಲ್ಲಿ ಕರಕರ ಎನ್ನುವುದು ಬೇರೆ ಕಾಯಿಲೆ. ಅದಕ್ಕೆ ಪೆಡಲ್ ಬಳಿಯ ಮಾಸ್ಟರ್ ಸಿಲಿಂಡರ್, ಗೇರ್ ಬಾಕ್ಸ್ ಬಳಿಯ ಸ್ಲೇವ್ ಸಿಲಿಂಡರ್ ಸೋರುತ್ತಿವೆಯೇ, ಪೈಪಿನಲ್ಲಿ ಗಾಳಿ ಸೇರಿದೆಯೇ ಎಂದು ಮೊದಲು ನೋಡಬೇಕು. ಕೇಬಲ್ ಕ್ಲಚ್ ಆದರೆ ಕೇಬಲ್ ನೋಡಿ. ಸಣ್ಣದೊಂದು ರಬ್ಬರ್ ವಾಷರ್ ಹೋಗಿದ್ದಕ್ಕೆ ಗೇರ್ ಬಾಕ್ಸ್ ಇಳಿಸಿದವರು ಬೇಕಾದಷ್ಟು ಜನ ಇದ್ದಾರೆ.

ಸಾಮಾನು

ಪ್ಲೇಟ್ ಒಂದನ್ನೇ ಬದಲಿಸುವುದು ಉಳಿತಾಯವಲ್ಲ. ಕ್ಲಚ್ ಪ್ಲೇಟ್, ಅದನ್ನು ಅದುಮಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಒಂದೇ ಕಂಪನಿಯ ಸೆಟ್ ಆಗಿ ತನ್ನಿ. ಜೊತೆಗೆ ಪೈಲಟ್ ಬೇರಿಂಗ್ ಬರಲಿ. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಕೂರುವ ಇದು ಅಗ್ಗದ ಸಾಮಾನು, ಇದಕ್ಕಾಗಿ ಮತ್ತೊಮ್ಮೆ ಗೇರ್ ಬಾಕ್ಸ್ ಇಳಿಸುವುದು ಅಗ್ಗವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಲ್ಲ ದರದ ಮಾಲೂ ಸಿಗುತ್ತದೆ. ಹಳೆಯ ಪ್ಲೇಟ್ ಕೈಯಲ್ಲಿ ಹಿಡಿದು ಹೋಗಿ. ಅಗಲವನ್ನೂ, ಶಾಫ್ಟ್ ತೂರುವ ನಡುವಿನ ತೂತಿನ ಸ್ಪ್ಲೈನ್ ಹಲ್ಲುಗಳನ್ನೂ ತಾಳೆ ನೋಡಿಯೇ ದುಡ್ಡು ಕೊಡಿ. ಒಂದೇ ಹೆಸರಿನ ಗಾಡಿಗೆ ವರ್ಷ, ಎಂಜಿನ್ ಬದಲಾದಂತೆ ಪ್ಲೇಟಿನ ಅಳತೆಯೂ ಬದಲಾಗಿರುತ್ತದೆ.

ಹಳೆಯ ಪ್ಲೇಟಿಗೆ ಹೊಸ ಲೈನಿಂಗ್ ಬಡಿದು ಕೊಡುವವರೂ ಇದ್ದಾರೆ. ಊರೊಳಗೆ ಖಾಲಿ ಓಡುವ ಗಾಡಿಗೆ ಏನೋ ಆಗಬಹುದು. ಕೋಲಾರದಿಂದ ಟೊಮೆಟೊ ಹೊರುವ, ಆಗುಂಬೆಯ 14 ಹೇರ್‌ಪಿನ್ ತಿರುವು ಹತ್ತುವ ಗಾಡಿಗೆ ನಾನಂತೂ ಹಾಕಲು ಬಿಡುವುದಿಲ್ಲ. ಲೈನಿಂಗ್ ಹೊಸದಾದರೂ ಒಳಗಿನ ಸ್ಪ್ರಿಂಗ್, ರಿವೆಟ್, ಹಲ್ಲು ಎಲ್ಲ ಹಳೆಯವೇ ಅಲ್ವಾ?

ಇಳಿಸುವುದು

ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕಿ ನಂಬಿಕೊಂಡು ಕೆಳಗೆ ನುಸುಳಬೇಡಿ. ಗೇರ್ ಆಯಿಲ್ ಇಳಿಸಿ, ಪ್ರೊಪೆಲ್ಲರ್ ಶಾಫ್ಟ್ ತೆಗೆಯಿರಿ. ತೆಗೆಯುವ ಮೊದಲು ಅದನ್ನು ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆಗಳ, ಅಂದರೆ ಫ್ಲೇಂಜ್‌ಗಳ ಮೇಲೆ ಪೇಂಟಿನಿಂದ ಗುರುತು ಹಾಕಿ. ತಿರುಗಿಸಿ ಕೂರಿಸಿದರೆ ಆಮೇಲೆ ಗಾಡಿ ನಡುಗುತ್ತದೆ, ನೀವು ಕ್ಲಚ್ಚನ್ನೇ ಬೈಯುತ್ತೀರಿ. ಗೇರ್ ಲಿವರ್, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಲೈಟಿನ ವೈರ್, ಸ್ಟಾರ್ಟರ್ ಮೋಟಾರ್ ಬಿಚ್ಚಿ.

ಸ್ಲೇವ್ ಸಿಲಿಂಡರ್ ಹೊರಗೆ ಇರುವ ಗಾಡಿಯಾದರೆ ಪೈಪ್ ಬಿಚ್ಚಬೇಕಿಲ್ಲ. 2 ಬೋಲ್ಟ್ ತೆಗೆದು ಸಿಲಿಂಡರನ್ನು ತಂತಿಯಿಂದ ಚಾಸಿಸ್‌ಗೆ ಕಟ್ಟಿಬಿಡಿ. ಪೆಡಲ್ ಕೆಳಗೆ ಮರದ ತುಂಡೊಂದನ್ನು ಸಿಕ್ಕಿಸಿ. ಯಾರಾದರೂ ಸುಮ್ನೆ ಕ್ಯಾಬಿನ್ ಹತ್ತಿ ಪೆಡಲ್ ಒತ್ತಿದರೆ ಪಿಸ್ಟನ್ ಹೊರಗೆ ಚಿಮ್ಮುತ್ತದೆ.

ಎಂಜಿನ್ ತಳದ ಎಣ್ಣೆ ತೊಟ್ಟಿಯ, ಅಂದರೆ ಸಂಪಿನ ಕೆಳಗೆ ಅಗಲದ ಮರದ ಹಲಗೆ ಇಟ್ಟು ಜಾಕಿ ಕೊಡಿ. ಗೇರ್ ಬಾಕ್ಸಿಗೆ ಇನ್ನೊಂದು ಜಾಕಿ. ಆಮೇಲಷ್ಟೇ ಗೇರ್ ಬಾಕ್ಸನ್ನು ಹೊತ್ತ ಅಡ್ಡಪಟ್ಟಿ, ಅಂದರೆ ಕ್ರಾಸ್ ಮೆಂಬರ್ ಬಿಚ್ಚಬೇಕು. ಎಂಜಿನ್ ಹಿಂದಕ್ಕೆ ವಾಲಿದಾಗ ಫ್ಯಾನ್ ರೇಡಿಯೇಟರಿಗೆ ತಾಗುತ್ತಿದೆಯೇ ನೋಡಿಕೊಳ್ಳಿ. ಕ್ಲಚ್ಚನ್ನು ಮುಚ್ಚಿ ಎಂಜಿನ್ನಿಗೆ ಸೇರುವ ಗೇರ್ ಬಾಕ್ಸಿನ ಮುಂಭಾಗವೇ ಬೆಲ್ ಹೌಸಿಂಗ್, ಅದರ ಬೋಲ್ಟ್‌ಗಳ ಉದ್ದ ಬೇರೆ ಬೇರೆ ಇರುತ್ತದೆ. ರಟ್ಟಿನ ಮೇಲೆ ಹೌಸಿಂಗ್ ಚಿತ್ರ ಬರೆದು, ಬಿಚ್ಚಿದ ಬೋಲ್ಟನ್ನು ಅದರ ಜಾಗದಲ್ಲೇ ಚುಚ್ಚಿಡಿ. ಬಾಕ್ಸನ್ನು ನೇರ ಹಿಂದಕ್ಕೆ ಎಳೆದು, ಅದರ ಮುಂದಿನ ಇನ್‌ಪುಟ್ ಶಾಫ್ಟ್ ಪ್ಲೇಟಿನಿಂದ ಪೂರ್ತಿ ಹೊರಬಂದ ಮೇಲೆ ಕೆಳಗಿಳಿಸಿ.

ಒಳಗೆ ನೋಡುವುದು

ಒಳಗಿನ ಕಪ್ಪು ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಉಸಿರಿಗೆ ಹೋಗಬಾರದ ಪುಡಿ ಅದು. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ.

ಎಣ್ಣೆ ಪಸೆ ಕಂಡರೆ ಎಲ್ಲಿಂದ ಬಂತು ಎಂದು ಹುಡುಕಲೇಬೇಕು. ಕಪ್ಪಗೆ ಇದ್ದರೆ ಎಂಜಿನ್ ಆಯಿಲ್, ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲ್ ಹೋಗಿದೆ. ಗಂಧಕದ ತರಹ ಮೂಗಿಗೆ ಹೊಡೆದರೆ ಗೇರ್ ಆಯಿಲ್, ಇನ್‌ಪುಟ್ ಶಾಫ್ಟಿನ ಸೀಲ್ ಹೋಗಿದೆ. ಸೀಲ್ ಬದಲಿಸದೆ ಹೊಸ ಪ್ಲೇಟ್ ಹಾಕಿದರೆ ಅದೂ ಎಣ್ಣೆ ಕುಡಿದು ಜಾರುತ್ತದೆ.

ಕ್ಲಚ್ ಪ್ಲೇಟ್ ಒತ್ತಿ ಕೂರುವ ಎಂಜಿನ್ನಿನ ಭಾರದ ಚಕ್ರ, ಅಂದರೆ ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆಯ ಬಿರುಕು, ರಿವೆಟ್ ಉಜ್ಜಿದ ಗೆರೆ ಇದೆಯೇ? ಬಿರುಕು ಆಳವಾಗಿದ್ದರೆ ಫ್ಲೈವೀಲ್ ಬದಲಿಸಿ. ಬರೀ ಗೆರೆಯಾದರೆ ಲೇತ್‌ನಲ್ಲಿ ಫೇಸಿಂಗ್ ಮಾಡಿಸಿ ಮುಖ ಸಮ ಮಾಡಿಸಿದರೆ ಆಯಿತು. ಆದರೆ ಪ್ರೆಷರ್ ಪ್ಲೇಟ್ ಕೂರುವ ಅಂಚು ಮೆಟ್ಟಿಲಿನಂತೆ ಎತ್ತರದಲ್ಲಿದ್ದರೆ, ಪ್ಲೇಟ್ ಉಜ್ಜುವ ಜಾಗದಿಂದ ಎಷ್ಟು ತೆಗೆದರೋ ಅಂಚಿನಿಂದಲೂ ಅಷ್ಟೇ ತೆಗೆಸಬೇಕು. ಇಲ್ಲವಾದರೆ ಹೊಸ ಕ್ಲಚ್ ಕೂಡ ಬಿಗಿಯಾಗಿ ಹಿಡಿಯುವುದಿಲ್ಲ. ಲೇತ್ ಹುಡುಗನಿಗೆ ಇದನ್ನು ಬಾಯಿಬಿಟ್ಟು ಹೇಳಿ.

ಹಳೆಯ ಪೈಲಟ್ ಬೇರಿಂಗ್ ಬರುತ್ತಿಲ್ಲವೇ? ಉಳಿ ಹಾಕಿ ಕೆದಕಬೇಡಿ. ತೂತಿನೊಳಗೆ ಒದ್ದೆ ಕಾಗದ ತುರುಕಿ, ತೂತಿಗೆ ಸರಿಯಾಗಿ ಕೂರುವ ಕಬ್ಬಿಣದ ಸರಳು ಇಟ್ಟು ಸುತ್ತಿಗೆಯಿಂದ ಹೊಡೆಯಿರಿ. ಮತ್ತೆ ತುರುಕಿ, ಮತ್ತೆ ಹೊಡೆಯಿರಿ. ಕಾಗದವೇ ಹಿಂದಿನಿಂದ ಬೇರಿಂಗನ್ನು ಹೊರಕ್ಕೆ ನೂಕುತ್ತದೆ. ಅದಕ್ಕೂ ಜಗ್ಗದಿದ್ದರೆ ಪುಲ್ಲರ್ ತನ್ನಿ.

ಹೊಸ ರಿಲೀಸ್ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆಯುವವರನ್ನು ನೋಡಿದ್ದೇನೆ. ಒಳಗೆ ತುಂಬಿಟ್ಟ ಗ್ರೀಸೇ ಅದರ ಜೀವ, ತೊಳೆದರೆ ಮುಗಿಯಿತು. ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟಿನ ಮುಖವನ್ನು ಮಾತ್ರ ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಡೀಸೆಲ್ ಬೇಡ, ಅದು ಪಸೆ ಬಿಡುತ್ತದೆ.

ಪ್ಲೇಟ್ ಕೂರಿಸುವುದು

ಹೊಸ ಪ್ಲೇಟನ್ನು ಮೊದಲು ಗೇರ್ ಬಾಕ್ಸಿನ ಶಾಫ್ಟಿಗೆ ಹಾಕಿ ನೋಡಿ. ಸಲೀಸಾಗಿ ಜಾರಬೇಕು. ಹಲ್ಲುಗಳಿಗೆ ಬೆರಳಿನಿಂದ ತೆಳ್ಳಗೆ ಗ್ರೀಸ್ ಸವರಿ, ಜಾಸ್ತಿಯಾದದ್ದನ್ನು ಒರೆಸಿ. ಉಳಿದ ಗ್ರೀಸ್ ತಿರುಗುವಾಗ ಹಾರಿ ಲೈನಿಂಗಿಗೇ ಅಂಟುತ್ತದೆ. ಪ್ಲೇಟಿನ ಮೇಲೆ ಫ್ಲೈವೀಲ್ ಕಡೆ ಎಂದು ಬರೆದಿದ್ದರೆ ಆ ಮುಖ ಒಳಕ್ಕೆ. ಬರೆದಿಲ್ಲವೆಂದರೆ ಸಾಮಾನ್ಯವಾಗಿ ಸ್ಪ್ರಿಂಗ್ ಉಬ್ಬಿರುವ ಕಡೆ ಗೇರ್ ಬಾಕ್ಸ್ ನೋಡುತ್ತದೆ. ಬಿಚ್ಚುವಾಗ ಹಳೆಯ ಪ್ಲೇಟಿನ ಫೋಟೊ ತೆಗೆದಿಟ್ಟುಕೊಂಡರೆ ಈ ಗೊಂದಲವೇ ಇಲ್ಲ.

ಪ್ಲೇಟ್ ನಡುಮಧ್ಯೆ ನಿಲ್ಲಲು ಡಮ್ಮಿ ಶಾಫ್ಟ್, ಅಂದರೆ ಗೇರ್ ಬಾಕ್ಸಿನ ಶಾಫ್ಟಿನ ಬದಲು ತೂರಿಸುವ ಕಡ್ಡಿ ಬೇಕು. ಸೆಟ್ ಜೊತೆ ಬರುವ ಪ್ಲಾಸ್ಟಿಕ್ ಕಡ್ಡಿ ನನಗೆ ಸೇರುವುದಿಲ್ಲ, ಪ್ಲೇಟಿನ ತೂಕಕ್ಕೇ ಅದು ವಾಲುತ್ತದೆ. ಗುಜರಿಯಲ್ಲಿ ಅದೇ ಗಾಡಿಯ ಹಳೆಯ ಇನ್‌ಪುಟ್ ಶಾಫ್ಟ್ ಸಿಕ್ಕರೆ ತಂದಿಟ್ಟುಕೊಳ್ಳಿ, ಅದಕ್ಕಿಂತ ಒಳ್ಳೆಯ ಡಮ್ಮಿ ಇಲ್ಲ. ಕಣ್ಣಂದಾಜು ಮಾತ್ರ ಬೇಡ.

ಪ್ರೆಷರ್ ಪ್ಲೇಟಿನ ಬೋಲ್ಟ್‌ಗಳನ್ನು ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ಎದುರು ಬದುರಿನವನ್ನು ಅರ್ಧರ್ಧ ಸುತ್ತು ಬಿಗಿ ಮಾಡುತ್ತಾ ಬನ್ನಿ. ಒಂದೇ ಕಡೆ ಪೂರ್ತಿ ಬಿಗಿದರೆ ಕವರ್ ಸೊಟ್ಟಗಾಗುತ್ತದೆ. 8 ಎಂ.ಎಂ. ಬೋಲ್ಟ್ ಆದರೆ ಸಾಮಾನ್ಯವಾಗಿ 20-25 ನ್ಯೂಟನ್ ಮೀಟರ್ ಸಾಕು. ಮ್ಯಾನುಯಲ್ ಇದ್ದರೆ ಅದರ ಲೆಕ್ಕವೇ ಕೊನೆ. ಎಲ್ಲ ಬಿಗಿಯಾದ ಮೇಲೆ ಡಮ್ಮಿ ಶಾಫ್ಟ್ ಎಳೆದು, ಮತ್ತೆ ತೂರಿಸಿ. ಬಲ ಹಾಕದೆ ಹೋಗಿ ಬರಬೇಕು. ಸಿಕ್ಕಿಕೊಳ್ಳುತ್ತಿದ್ದರೆ ಬೋಲ್ಟ್ ಸಡಿಲಿಸಿ ಮತ್ತೆ ಮೊದಲಿನಿಂದ.

ಗೇರ್ ಬಾಕ್ಸ್ ಏರಿಸುವುದು

ಜನ ಎಡವುವುದು ಇಲ್ಲೇ. ಹೊತ್ತು ಮುಳುಗಿರುತ್ತದೆ, ತೋಳು ಸೋತಿರುತ್ತದೆ, ಬೆಳಿಗ್ಗೆ ಲೋಡ್ ಇರುತ್ತದೆ. ಬೇಕಾದರೆ ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಬನ್ನಿ.

ಮೊದಲು 2 ಗೈಡ್ ಮಾಡಿಕೊಳ್ಳಿ. ಬೆಲ್ ಹೌಸಿಂಗ್ ಬೋಲ್ಟಿನ ಅಳತೆಯದೇ ಉದ್ದನೆಯ ಬೋಲ್ಟ್ ತಂದು ತಲೆ ಕತ್ತರಿಸಿ. ಸ್ಕ್ರೂ ಡ್ರೈವರ್ ಕೂರುವಂತೆ ತುದಿಯಲ್ಲಿ ಸೀಳು ಹಾಕಿಸಿ. ಇವನ್ನು ಎಂಜಿನ್ನಿನ ಎಡಬಲ ತೂತುಗಳಿಗೆ ತಿರುಗಿಸಿದರೆ ಬಾಕ್ಸ್ ಅದರ ಮೇಲೆ ನೇರವಾಗಿ ಜಾರುತ್ತದೆ, ಭಾರ ಪ್ಲೇಟಿನ ಮೇಲೆ ಬೀಳುವುದಿಲ್ಲ. ಇಷ್ಟು ಮಾಡಿಕೊಂಡವರ ಅರ್ಧ ತಲೆನೋವು ಇಲ್ಲೇ ಮುಗಿಯುತ್ತದೆ.

ಬಾಕ್ಸನ್ನು ಟಾಪ್ ಗೇರಿನಲ್ಲಿಡಿ. ಹಿಂದಿನ ಫ್ಲೇಂಜ್ ತಿರುಗಿಸಿದರೆ ಮುಂದಿನ ಶಾಫ್ಟೂ ತಿರುಗಬೇಕು. ಜಾಕಿಯಲ್ಲಿ ಏರಿಸಿ, ಶಾಫ್ಟಿನ ತುದಿ ಪ್ಲೇಟಿನ ನಡುವಿಗೆ ಬರುವಂತೆ ಮಾಡಿ. ಈಗ ಎಂಜಿನ್ನಿಗೂ ಹೌಸಿಂಗಿಗೂ ನಡುವಿನ ಸಂದು ನೋಡಿ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೇ ಸಮ ಇರಬೇಕು. ಮೇಲೆ ಅಗಲ, ಕೆಳಗೆ ಕಿರಿದು ಇದ್ದರೆ ಬಾಕ್ಸ್ ವಾಲಿದೆ ಎಂದರ್ಥ. ಎಂಜಿನ್ನಿನ ಜಾಕಿಯನ್ನು ಏರಿಳಿಸಿ ಸಮ ಮಾಡಿಕೊಳ್ಳಿ. ಒಬ್ಬರು ಮುಂದಕ್ಕೆ ತಳ್ಳುತ್ತಿರಲಿ, ಇನ್ನೊಬ್ಬರು ಹಿಂದಿನ ಫ್ಲೇಂಜನ್ನು ನಿಧಾನವಾಗಿ ತಿರುಗಿಸುತ್ತಿರಲಿ. ಹಲ್ಲಿಗೆ ಹಲ್ಲು ಕೂತಾಗ ಕೈಗೇ ಗೊತ್ತಾಗುತ್ತದೆ.

ಕೊನೆಯ ಒಂದು ಇಂಚು ಹಟ ಮಾಡುತ್ತದೆ. ಶಾಫ್ಟಿನ ಮೂತಿ ಪೈಲಟ್ ಬೇರಿಂಗಿಗೆ ಇನ್ನೂ ಹೊಕ್ಕಿರುವುದಿಲ್ಲ. ‘ಬೋಲ್ಟ್ ಹಾಕಿ ಎಳೆದರೆ ತಾನಾಗಿ ಬರುತ್ತೆ’ ಎನ್ನುವವರು ಆಗ ಪಕ್ಕದಲ್ಲೇ ನಿಂತಿರುತ್ತಾರೆ. ಬರುತ್ತದೆ ನಿಜ. ಜೊತೆಗೆ ಹೌಸಿಂಗಿನ ಕಿವಿ ಸೀಳುತ್ತದೆ, ಪೈಲಟ್ ಬೇರಿಂಗ್ ಜಜ್ಜಿಹೋಗುತ್ತದೆ, ಪ್ಲೇಟ್ ಬಾಗುತ್ತದೆ. ಸಂದು ಪೂರ್ತಿ ಮುಚ್ಚುವವರೆಗೆ ಸ್ಪ್ಯಾನರ್ ಮುಟ್ಟಬೇಡಿ. ಬಾಲವನ್ನು ಸ್ವಲ್ಪ ಮೇಲೆ ಕೆಳಗೆ ಅಲ್ಲಾಡಿಸಿ, ಫ್ಲೇಂಜ್ ತಿರುಗಿಸಿ, ಮತ್ತೆ ತಳ್ಳಿ. ಎಷ್ಟು ಮಾಡಿದರೂ ಕೂರದಿದ್ದರೆ ಬಾಕ್ಸ್ ಪೂರ್ತಿ ಹಿಂದಕ್ಕೆ ತೆಗೆದು ಡಮ್ಮಿ ಶಾಫ್ಟ್ ಹಾಕಿ ನೋಡಿ. ಅರ್ಧ ಹೊಕ್ಕ ಬಾಕ್ಸನ್ನು ಜಾಕಿ ತೆಗೆದು ನೇತಾಡಲು ಬಿಟ್ಟು ಟೀ ಕುಡಿಯಲು ಹೋಗಬೇಡಿ.

ಮುಖಕ್ಕೆ ಮುಖ ಕೂತ ಮೇಲೆ ಉಳಿದದ್ದು ಬಿಚ್ಚಿದ್ದರ ಉಲ್ಟಾ. ಗೇರ್ ಆಯಿಲ್ ತುಂಬುವುದನ್ನು ಮರೆಯಬೇಡಿ.

ಓಡಿಸುವ ಮೊದಲು

ಪೈಪ್ ಬಿಚ್ಚಿದ್ದರೆ ಗಾಳಿ ತೆಗೆಯಿರಿ: ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ನಿಪ್ಪಲ್ ಸಡಿಲಿಸಿ, ಪೆಡಲ್ ಬಿಡುವ ಮೊದಲೇ ಬಿಗಿಯಬೇಕು. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಖಾಲಿಯಾಗಲು ಬಿಡಬೇಡಿ, ಪೇಂಟಿನ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಎಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಮೂರು ನಾಲ್ಕು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಸರಿ.

ಮೊದಲ 500 ಕಿ.ಮೀ. ಪೂರ್ತಿ ಲೋಡ್ ಬೇಡ, ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸಿಕೊಳ್ಳುವುದೂ ಬೇಡ. ಅದಾದ ಮೇಲೆ ಒಮ್ಮೆ ಕೆಳಗೆ ನುಸುಳಿ ಬೆಲ್ ಹೌಸಿಂಗ್ ಬೋಲ್ಟ್‌ಗಳಿಗೂ ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟ್‌ಗಳಿಗೂ ಸ್ಪ್ಯಾನರ್ ಹಾಕಿ ನೋಡಿ. ಹೌಸಿಂಗಿನ ಕೆಳಗೆ ಎಣ್ಣೆ ಹನಿ ಕಂಡರೆ ಯಾವ ಎಣ್ಣೆ ಎಂದು ಮೂಸಿ ನೋಡಿಯೇ ಮೇಲೇಳಿ.