ಸರ್ವರ್ ರೂಮಿನ ಎಸಿ 18ರಿಂದ 26ಕ್ಕೆ: ನನ್ನ ಅನುಭವ

ಒಂದು ವರ್ಷದ ಕರೆಂಟ್ ಬಿಲ್ ಕೈಯಲ್ಲಿದೆ, ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಮುಂಬೈನ ಅಂಧೇರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ಲಾಜಿಸ್ಟಿಕ್ಸ್ ಕಂಪನಿ. ಎರಡು ರ‍್ಯಾಕ್ (ಸರ್ವರ್ ಜೋಡಿಸುವ ಕಬ್ಬಿಣದ ಕಪಾಟು), ಇಪ್ಪತ್ತರ ಆಸುಪಾಸು ಸರ್ವರ್, ಎರಡು ಟನ್ನಿನ ಎರಡು ಸ್ಪ್ಲಿಟ್ ಎಸಿ. ಎರಡೂ ಹಗಲು ರಾತ್ರಿ 18 ಡಿಗ್ರಿಯಲ್ಲಿ. ಒಳಗೆ ಹೋಗುವವರಿಗೆ ಅಂತ ಬಾಗಿಲ ಹಿಂದೆ ಒಂದು ಸ್ವೆಟರ್ ನೇತುಹಾಕಿದ್ದರು.

26ಕ್ಕೆ ಏರಿಸೋಣ ಅಂದಾಗ ನಗದವರಿಲ್ಲ. ಎಸಿ ಮೆಕ್ಯಾನಿಕ್ ನಮ್ಮ ಕುಂದಾಪುರದ ಕಡೆಯವರೇ. "ಮೆಷಿನ್ ಸುಟ್ಟು ಹೋದ್ರೆ ನನ್ನನ್ನು ಕರೀಬೇಡಿ ಮಾರಾಯ್ರೇ" ಅಂದುಬಿಟ್ಟರು. ಸರ್ವರ್ ಜೊತೆ ಬರುವ ಪುಸ್ತಕದಲ್ಲೇ 35 ಡಿಗ್ರಿ ತನಕ ಓಕೆ ಅಂತ ಬರೆದಿರುತ್ತದೆ. ಎಸಿ, ತಂಪು ವ್ಯವಸ್ಥೆಗಳಿಗೆ ಮಾನದಂಡ ಮಾಡುವ ಅಮೆರಿಕದ ಆಶ್ರೇ ಸಂಸ್ಥೆಯ ಶಿಫಾರಸು 18ರಿಂದ 27. ಆ ಎರಡು ಪುಟ ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಿದೆ. ಯಾರೂ ಓದಲಿಲ್ಲ. ಮಾಲೀಕರಾದ ಶೇಟ್‌ಜಿ ಮಾತ್ರ "ಎಷ್ಟು ಉಳಿಯುತ್ತೆ?" ಅಂತ ಕೇಳಿದರು. ಅಷ್ಟು ಸಾಕಾಯಿತು.

ರಿಮೋಟ್ ಹಿಡಿದು ಸುಮ್ನೆ 26 ಒತ್ತಿದರೆ ಏನಾಗುತ್ತೆ ಅಂತ ಮೊದಲೇ ಹೇಳಿಬಿಡುತ್ತೇನೆ. ಏನೂ ಉಳಿಯುವುದಿಲ್ಲ. ರ‍್ಯಾಕಿನ ಕೆಳಗಿನ ಮೆಷಿನ್‌ಗಳು ತಣ್ಣಗಿದ್ದವು. ಮೇಲಿನ ಮೂರ‍್ನಾಲ್ಕಕ್ಕೆ 33-34 ಡಿಗ್ರಿ ಗಾಳಿ ಹೋಗುತ್ತಿತ್ತು. ಅವುಗಳ ಫ್ಯಾನ್‌ಗಳು ವಿಮಾನ ಏರುವ ಹಾಗೆ ಕಿರುಚಲು ಶುರು. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ಎಳೆಯುವ ಕರೆಂಟ್ ಹೆಚ್ಚುಕಡಿಮೆ ಎಂಟು ಪಟ್ಟು. ಎಸಿಯಲ್ಲಿ ಉಳಿದದ್ದನ್ನು ಫ್ಯಾನ್ ತಿಂದುಹಾಕಿತು. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿದರೆ ವ್ಯತ್ಯಾಸ ಕೈಗೇ ಸಿಗದಷ್ಟು.

ಸಮಸ್ಯೆ ಇದ್ದದ್ದು ತಂಪಿನದ್ದಲ್ಲ, ಗಾಳಿ ಓಡಾಡುವ ದಾರಿಯದ್ದು. ರ‍್ಯಾಕಿನಲ್ಲಿ ಖಾಲಿ ಬಿಟ್ಟ ಜಾಗಗಳಿಂದ ಹಿಂದಿನ ಬಿಸಿಗಾಳಿ ಮುಂದಕ್ಕೆ ನುಸುಳುತ್ತಿತ್ತು. ಅದನ್ನು ಮುಚ್ಚುವ ಪ್ಯಾನೆಲ್‌ಗೆ ಕಂಪನಿಯವರು ಹೇಳುವ ರೇಟು ಕೇಳಿದರೆ ತಲೆ ತಿರುಗುತ್ತೆ. ನಾನು ಬ್ಯಾನರ್ ಅಂಗಡಿಯಿಂದ ಸನ್‌ಪ್ಯಾಕ್ ಶೀಟ್ (ಬೋರ್ಡು ಮಾಡಿಸುವ ತೆಳು ಪ್ಲಾಸ್ಟಿಕ್ ಹಲಗೆ) ತಂದು ಕತ್ತರಿಸಿ ಸಿಕ್ಕಿಸಿದೆ. ಮೇಲಿನ ಮೆಷಿನ್‌ಗಳ ಗಾಳಿ ಒಂದೇ ಸಲ ಐದಾರು ಡಿಗ್ರಿ ಇಳಿಯಿತು. ಆಮೇಲೆ ಫೈರ್ ಆಡಿಟ್‌ನವರು ಬಂದು ಪ್ಲಾಸ್ಟಿಕ್ ತೆಗೆಸಿದರು, ಅದು ಸರಿಯೇ. ಅದೇ ಅಳತೆಗೆ ತಗಡು ಕತ್ತರಿಸಿ ಹಾಕಿಸಿದೆ. ಎರಡು ಮೂರು ಸಾವಿರ ಆಗಿರಬೇಕು. ರ‍್ಯಾಕಿನ ಹಿಂಭಾಗಕ್ಕೆ ಕೋಲ್ಡ್ ಸ್ಟೋರೇಜ್ ಬಾಗಿಲಿಗೆ ಹಾಕುತ್ತಾರಲ್ಲ, ಆ ಪಿವಿಸಿ ಪಟ್ಟಿ ಪರದೆ. ಅದಕ್ಕೆ ಹದಿನಾಲ್ಕು ಸಾವಿರದ ಹತ್ತಿರ. ಪರದೆಯನ್ನು ಎಲ್ಲಿಂದ ಎಲ್ಲಿಗೆ ಇಳಿಸಬೇಕು ಅನ್ನುವುದರಲ್ಲಿ ಒಂದು ಕಿತಾಪತಿ ಇದೆ. ಅದನ್ನು ಇಲ್ಲಿ ಬರೆಯಲ್ಲ. ನೀವೂ ಸ್ವಲ್ಪ ಕಷ್ಟಪಡಿ.

ಅಳೆಯಲು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಿಂದ ಡಿಎಸ್18ಬಿ20 ಅನ್ನುವ ಉಷ್ಣತೆ ಅಳೆಯುವ ಸೆನ್ಸರ್, ಅದನ್ನು ಓದಿ ವೈಫೈಯಲ್ಲಿ ಕಳಿಸುವ ಇಎಸ್‌ಪಿ8266 ಬೋರ್ಡ್ ತಂದೆ. ಎಲ್ಲ ಸೇರಿ ನಾಲ್ಕು ಸಾವಿರ ಒಳಗೇ. ರೂಮಿನ ಗೋಡೆಗೆ ಸೆನ್ಸರ್ ಹಚ್ಚಿ ಉಪಯೋಗವಿಲ್ಲ, ಪ್ರತಿ ರ‍್ಯಾಕಿನ ಮುಂಬಾಗಿಲಿಗೆ ಮೇಲೆ, ನಡುವೆ, ಕೆಳಗೆ ಹಚ್ಚಬೇಕು. ಒಂದು ರಾತ್ರಿ ಎರಡು ಗಂಟೆಗೆ ಫೋನಿಗೆ 85 ಡಿಗ್ರಿ ಅಂತ ಅಲರ್ಟ್. ವಾಚ್‌ಮನ್‌ನನ್ನು ಎಬ್ಬಿಸಿ ಕಳಿಸಿದೆ, ಒಳಗೆ ಆರಾಮಾಗಿ ತಂಪು. ಆ ಸೆನ್ಸರ್‌ಗೆ ಪವರ್ ಬಂದ ಕೂಡಲೇ ಅಳೆಯುವ ಮೊದಲು ತೋರಿಸುವ ಸಂಖ್ಯೆಯೇ 85. ವೈರ್ ಸಡಿಲವಾಗಿ ಅದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿತ್ತು. ಈಗ 85 ಬಂದರೆ ನನ್ನ ಪ್ರೋಗ್ರಾಮ್ ಅದನ್ನು ಎಸೆದುಬಿಡುತ್ತದೆ.

ಆದರೆ ದೊಡ್ಡ ದುಡ್ಡು ಉಳಿದದ್ದು ಎಸಿಯಲ್ಲಲ್ಲ. ಇಪ್ಪತ್ತು ಸರ್ವರ್‌ಗಳಲ್ಲಿ ಯಾವುದು ಯಾಕೆ ಓಡುತ್ತಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನಾನು ಒಂದೊಂದರ ನೆಟ್‌ವರ್ಕ್ ಕೇಬಲ್ ಕಿತ್ತು, ಯಾರಾದರೂ ಕೂಗಾಡುತ್ತಾರಾ ಅಂತ ಕಾದೆ. ಏಳು ಮೆಷಿನ್‌ಗೆ ಯಾರೂ ಬಾಯಿ ಬಿಡಲಿಲ್ಲ! ಒಂದರಲ್ಲಂತೂ ಎಂದೋ ನಿಂತುಹೋದ ಬ್ರಾಂಚಿನ ಹಾಜರಿ ಸಾಫ್ಟ್‌ವೇರ್ ಓಡುತ್ತಿತ್ತು. ಕೆಲಸವಿಲ್ಲದೆ ಕೂತ ಹಳೇ ಸರ್ವರ್ ಕೂಡ 150 ವ್ಯಾಟ್ ಎಳೆಯುತ್ತೆ. ವರ್ಷಕ್ಕೆ 1,300 ಯೂನಿಟ್ ಆಯಿತು, ಅದನ್ನು ತಂಪು ಮಾಡುವ ಖರ್ಚು ಬೇರೆ. ತಿಂಗಳ ಕೊನೆಗೆ ಮಾತ್ರ ಬೇಕಾಗುವುದು ಒಂದಿರಬಹುದು, ಹಾಗಾಗಿ ಕೇಬಲ್ ಕಿತ್ತ ಮೇಲೆ ಎರಡು ತಿಂಗಳ ಲೆಕ್ಕದ ಕ್ಲೋಸಿಂಗ್ ದಾಟುವ ತನಕ ಮೆಷಿನ್ ಕದಲಿಸಬೇಡಿ.

ಉಳಿದವುಗಳಲ್ಲಿ ಹೆಚ್ಚಿನದ್ದನ್ನು ಪ್ರಾಕ್ಸ್‌ಮಾಕ್ಸ್ (ಒಂದೇ ಮೆಷಿನ್ನಿನೊಳಗೆ ಹಲವು ಸರ್ವರ್ ಓಡಿಸುವ ಸಾಫ್ಟ್‌ವೇರ್) ಹಾಕಿದ ಎರಡು ಸೆಕೆಂಡ್ ಹ್ಯಾಂಡ್ ಸರ್ವರ್‌ಗಳಿಗೆ ತುಂಬಿಸಿದೆ. ಎರಡಕ್ಕೂ ಸೇರಿ ಎರಡೂ ಮುಕ್ಕಾಲು ಲಕ್ಷ. ಯಾರ ಹತ್ತಿರ ತಗೊಂಡೆ ಅಂತ ಕೇಳಬೇಡಿ, ಹೇಳಿದರೆ ಅವನು ರೇಟು ಏರಿಸುತ್ತಾನೆ. ಮೊದಲು ಸರ್ವರ್ ರೂಮಿಗೆ ತಿಂಗಳಿಗೆ ಏಳು ಸಾವಿರ ಯೂನಿಟ್ ಹತ್ತಿರ ಹೋಗುತ್ತಿತ್ತು. ಈಗ ಎರಡೂವರೆ ಸಾವಿರ. ನಮಗೆ ಎಲ್ಲ ಸೇರಿ ಯೂನಿಟ್‌ಗೆ 13 ರೂಪಾಯಿ ಬೀಳುತ್ತೆ. ಹಾಕಿದ್ದು ಮೂರು ಲಕ್ಷ ಅಂದುಕೊಂಡರೆ ಐದಾರು ತಿಂಗಳಲ್ಲಿ ವಾಪಸ್. ನಮ್ಮ ದೇಶದ ಗ್ರಿಡ್ ಕರೆಂಟಿಗೆ ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಲೆಕ್ಕ. ಅಂದರೆ ತಿಂಗಳಿಗೆ ಮೂರು ಟನ್. ಶೇಟ್‌ಜಿಗೆ ಟನ್ ಲೆಕ್ಕ ಬೇಕಿರಲಿಲ್ಲ, ಆದರೆ ಈಗ ಗ್ರಾಹಕರಿಗೆ ಕಳಿಸುವ ಪ್ರೆಸೆಂಟೇಶನ್‌ನಲ್ಲಿ ಮೊದಲ ಪುಟದಲ್ಲೇ ಅದು ಇದೆ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಡಿಸೆಂಬರ್ ರಾತ್ರಿ ಹೊರಗಿನ ಗಾಳಿಯನ್ನೇ ಎಕ್ಸಾಸ್ಟ್ ಫ್ಯಾನ್‌ನಲ್ಲಿ ಒಳಗೆ ಎಳೆದು ಎಸಿ ಬಂದ್ ಮಾಡಿದೆ. ತಂಪಿಗೇನೂ ಕಮ್ಮಿ ಇರಲಿಲ್ಲ. ಆದರೆ ಪಕ್ಕದಲ್ಲಿ ಮೆಟ್ರೋ ಕೆಲಸ, ಫಿಲ್ಟರ್ ವಾರದೊಳಗೆ ಕಪ್ಪಗಾಯಿತು. ಬಿಟ್ಟೆ. ಏರ್ ಕೂಲರ್ ಇಡಿ ಅಂತ ಸೋಲಾಪುರದ ಗೆಳೆಯ ಹೇಳಿದ. ಅವನ ಒಣ ಊರಿಗೆ ಅದು ಸರಿ. ಮುಂಬೈ ಗಾಳಿಯಲ್ಲಿ ನೀರು ಆರುವುದೇ ಇಲ್ಲ, ರೂಮು ಬಚ್ಚಲುಮನೆ ಆಗುತ್ತೆ ಅಷ್ಟೇ.

ಮಳೆಗಾಲದಲ್ಲಿ ನಾನೂ 26 ಇಡುವುದಿಲ್ಲ, 24. ಕಂಪ್ರೆಸರ್ ಕಡಿಮೆ ಓಡಿದರೆ ತೇವ ತೆಗೆಯುವುದೂ ಕಡಿಮೆ. ಹಾಗಂತ 18ಕ್ಕೆ ಹೋದರೆ ಇನ್ನೂ ಕಷ್ಟ: ಜುಲೈಯಲ್ಲಿ ಬಾಗಿಲು ತೆರೆದ ಕೂಡಲೇ ತಣ್ಣಗಿನ ಕಬ್ಬಿಣದ ಮೇಲೆ ನೀರು ಕೂರುತ್ತೆ. ಯುಪಿಎಸ್ ಬ್ಯಾಟರಿಗಳನ್ನು ಮಾತ್ರ ಎಸಿಯ ನೇರ ಗಾಳಿಗೆ ಸರಿಸಿದ್ದೇನೆ. 25ರ ಮೇಲೆ ಪ್ರತಿ ಹತ್ತು ಡಿಗ್ರಿಗೆ ಅವುಗಳ ಆಯಸ್ಸು ಅರ್ಧ ಆಗುತ್ತೆ, ಕರೆಂಟಿನಲ್ಲಿ ಉಳಿಸಿದ್ದು ಬ್ಯಾಟರಿಗೆ ಹೋಗಬಾರದಲ್ವಾ.

ತೆಗೆದ ಸರ್ವರ್‌ಗಳ ಬಗ್ಗೆ ಜಗಳವೇ ಆಯಿತು. ಭಂಗಾರ್‌ವಾಲಾ (ಗುಜರಿಯವನು) ಕೊಡುವ ರೇಟು ನೋಂದಾಯಿತ ರೀಸೈಕ್ಲರ್ ಕೊಡುವುದಕ್ಕಿಂತ ಎರಡು ಪಟ್ಟು. ಯಾಕೆಂದರೆ ಬೋರ್ಡ್ ಸುಟ್ಟು ಆಸಿಡ್‌ನಲ್ಲಿ ಅದ್ದಿ ಚಿನ್ನ ತಾಮ್ರ ತೆಗೆಯುವವನಿಗೆ ಹೊಗೆಯ ಖರ್ಚು ಬೀಳುವುದಿಲ್ಲ. 2022ರಲ್ಲಿ ಜಗತ್ತಿನಲ್ಲಿ ಎದ್ದ ಇ-ತ್ಯಾಜ್ಯ 6.2 ಕೋಟಿ ಟನ್, ಸರಿಯಾಗಿ ರೀಸೈಕಲ್ ಆದ ಲೆಕ್ಕ ಇರುವುದು ಕಾಲು ಭಾಗಕ್ಕಿಂತಲೂ ಕಡಿಮೆ. ಈ ಮಾತು ಅಕೌಂಟ್ಸ್‌ನವರ ಹತ್ತಿರ ನಡೆಯಲಿಲ್ಲ. 2023ರ ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ, ಆಡಿಟ್‌ನಲ್ಲಿ ಸರ್ಟಿಫಿಕೇಟ್ ಕೇಳಿದರೆ ಯಾರು ಕೊಡ್ತೀರಿ ಅಂದ ಮೇಲೆ ಸಹಿ ಬಿತ್ತು. ಹಾರ್ಡ್ ಡಿಸ್ಕ್‌ಗಳನ್ನು ನಾನೇ ಅಳಿಸಿ ಕೊಟ್ಟೆ.

"ಇಷ್ಟೆಲ್ಲ ಯಾಕೆ, ಕ್ಲೌಡ್‌ಗೆ ಹಾಕಿ" ಅನ್ನುವವರಿದ್ದಾರೆ. ದರ ತರಿಸಿ ನೋಡಿದ್ದೇನೆ, ನಮ್ಮ ಕೆಲಸಕ್ಕೆ ಜಾಸ್ತಿಯೇ ಬಿತ್ತು. ಮತ್ತೆ ಕ್ಲೌಡ್ ಅಂದರೆ ನವಿ ಮುಂಬೈನ ಐರೋಳಿ, ಮಹಾಪೆಯಲ್ಲಿ ಬೇರೆಯವರ ಸರ್ವರ್ ತುಂಬಿದ ಡೇಟಾ ಸೆಂಟರ್ ಕಟ್ಟಡಗಳೇ ತಾನೆ. ಅವರು ತಂಪು ಮಾಡುವುದು ನಮಗಿಂತ ಚೆನ್ನಾಗಿ, ಒಪ್ಪುತ್ತೇನೆ. ಆದರೆ ಬೇಡದ ಏಳು ಮೆಷಿನ್ ಅಲ್ಲಿಗೆ ಹೋದರೂ ಬೇಡದ್ದೇ. 2024ರಲ್ಲಿ ಲೋಕದ ಕರೆಂಟಿನಲ್ಲಿ ಶೇಕಡಾ 1.5ರಷ್ಟು ಡೇಟಾ ಸೆಂಟರ್‌ಗಳಿಗೇ ಹೋಗಿದೆ ಅಂತ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಐಇಎ ಲೆಕ್ಕ.

ಈಗ ಕೈ ಹಾಕಿರುವುದು ಡೆಲಿವರಿ ಚೀಟಿಗಳ ಫೋಟೋಗೆ. ಡ್ರೈವರ್‌ಗಳು ಕಳಿಸುವ ಒಂದೊಂದು ಫೋಟೋ ನಾಲ್ಕೈದು ಎಂಬಿ, ಅದರ ನಕಲು ನಾಲ್ಕು ಕಡೆ. 300 ಕೆಬಿಗೆ ಇಳಿಸಿ ನೋಡಿದೆ, ಸಹಿ ಓದಬಹುದು, ರಬ್ಬರ್ ಸ್ಟಾಂಪ್ ಓದಲಾಗಲ್ಲ ಅಂತ ಅಕೌಂಟ್ಸ್‌ನವರ ತಕರಾರು. ಸದ್ಯ 500ಕ್ಕೆ ಪ್ರಯತ್ನ ನಡೆದಿದೆ.